ಹಿಂದಿನ ಸೀಟಿಲ್ಲದ ಗಾಡಿ

ಗಂಡಂದಿರು ಹೆಂಡತಿಗೆ ಹೇಳುವ ಸುಳ್ಳುಗಳಲ್ಲಿ ಹೆಚ್ಚಿನವು ಸಂಜೆಯೊಳಗೆ ಸಿಕ್ಕಿಬೀಳುತ್ತವೆ. ಸಂತೆಯ ಚೀಲದಲ್ಲೋ ಅಂಗಿಯ ಜೇಬಿನಲ್ಲೋ ಸಾಕ್ಷಿ ಇದ್ದೇ ಇರುತ್ತದೆ. ನನ್ನ ಸುಳ್ಳಿನ ವಿಶೇಷವೆಂದರೆ ಅದನ್ನು ನಾನು ಎಲ್ಲಿಯೂ ಅಡಗಿಸಿಡಲಿಲ್ಲ. ಸುಮಾರು ಒಂದು ಕ್ವಿಂಟಲ್ ತೂಗುತ್ತಿದ್ದ ಅದು ಮೂರು ವರ್ಷ ನಮ್ಮ ಅಂಗಳದಲ್ಲಿ ತುಳಸಿಕಟ್ಟೆಯ ಪಕ್ಕ ನಿಂತಿತ್ತು. ನನ್ನ ಹೆಂಡತಿ ಸುವರ್ಣಾ ದಿನಾ ಅದರ ಸುತ್ತ ಕಸ ಗುಡಿಸುತ್ತಿದ್ದಳು. ಅಷ್ಟಾಗಿಯೂ ನಾನು ಸಿಕ್ಕಿಬೀಳಲಿಲ್ಲವೆಂದರೆ ಅದು ನನ್ನ ಜಾಣತನವಲ್ಲ, ಅವಳು ನನ್ನ ಮೇಲೆ ಇಟ್ಟಿದ್ದ ನಂಬಿಕೆ. ಇದನ್ನು ಹೇಳಿಕೊಳ್ಳಲು ನನಗೆ ಸಂತೋಷವೇನೂ ಇಲ್ಲ.

ನಾನು ಇಂಡಿಯಲ್ಲಿ ಪ್ರೌಢಶಾಲೆಯ ವಿಜ್ಞಾನದ ಮಾಸ್ತರ. ಝಳಕಿಯ ಹೆದ್ದಾರಿ ಬದಿಯ ಒಂದು ಗುಜರಿ ಅಂಗಡಿಯಲ್ಲಿ ಆ ಮೋಟಾರ್ ಸೈಕಲ್ಲನ್ನು ಮೊದಲು ಕಂಡೆ. ಪುಣೆಯಲ್ಲಿ ಯಾರದೋ ಬಂಗಲೆ ಖಾಲಿ ಮಾಡುವಾಗ ಸಿಕ್ಕ ಪರದೇಶದ ಮಾಲು ಎಂದ ಅಂಗಡಿಯವ. ಅದು ರಸ್ತೆಯ ಗಾಡಿಯಲ್ಲ, ಟ್ರಯಲ್ಸ್ ಎಂಬ ಸ್ಪರ್ಧೆಯ ಗಾಡಿ. ಆ ಸ್ಪರ್ಧೆಯಲ್ಲಿ ಯಾರೂ ವೇಗವಾಗಿ ಓಡಿಸುವುದಿಲ್ಲ. ಬಂಡೆ, ಕೊರಕಲು, ಹಳ್ಳ ಇವುಗಳ ಮೇಲೆ ನೆಲಕ್ಕೆ ಕಾಲು ತಾಗಿಸದೆ ಮೆಲ್ಲಗೆ ಹತ್ತಿ ಇಳಿಯಬೇಕು, ಅಷ್ಟೆ. ನಿಂತುಕೊಂಡೇ ಓಡಿಸುವುದರಿಂದ ಕೂರಲು ಅಂಗೈಯಗಲದ ಒಂದು ದಿಂಬು ಮಾತ್ರ ಇರುತ್ತದೆ. ಇಂಡಿಯ ಸುತ್ತ ಎರೆ ಭೂಮಿ, ನಿಂಬೆ ತೋಟ. ಬಂಡೆ ಬೇಕೆಂದರೆ ಮುದ್ದೇಬಿಹಾಳದ ಕಡೆಗೆ ಹೋಗಬೇಕು. ಸಮುದ್ರವಿಲ್ಲದ ಊರಿಗೆ ದೋಣಿ ಕೊಂಡು ತಂದವನಿಗೂ ನನಗೂ ಏನು ವ್ಯತ್ಯಾಸ ಎಂದು ಆಗ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ದೋಣಿಗೆ ಸೀಟುಗಳಾದರೂ ಇರುತ್ತವೆ ಎನ್ನಬೇಕಾಗುತ್ತಿತ್ತು.

ಅಂಗಡಿಯವನಿಗೆ ನನ್ನ ಓಡುವ ಬೈಕು ಬೇಕಾಗಿತ್ತು. ಅದನ್ನೇ ಕೊಟ್ಟು ಈ ಓಡದ ಗಾಡಿಯನ್ನು ಟೆಂಪೊದಲ್ಲಿ ಹಾಕಿಕೊಂಡು ಬಂದೆ. ನಾನು ಕೊಟ್ಟದ್ದು ಬರೀ ಬೈಕಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಸಿಂದಗಿಯಲ್ಲಿ ಸುವರ್ಣಾಳ ಅಕ್ಕ ಇದ್ದಾಳೆ. ಹದಿನೈದು ದಿನಕ್ಕೊಮ್ಮೆ ಭಾನುವಾರ ನಾವಿಬ್ಬರೂ ಆ ಬೈಕಿನ ಮೇಲೆ ಅಲ್ಲಿಗೆ ಹೋಗುವುದು ಮದುವೆಯಾದಾಗಿನಿಂದ ನಡೆದು ಬಂದ ರೂಢಿ. ಹಿಂದೆ ಕೂತ ಅವಳು ಇಂಡಿ ಬಿಟ್ಟಾಗ ಶುರುಮಾಡಿದ ಮಾತನ್ನು ಸಿಂದಗಿಯ ಬಸ್‌ಸ್ಟ್ಯಾಂಡು ಕಂಡಾಗಲೇ ಮುಗಿಸುತ್ತಿದ್ದಳು. ನಾನು ನಡುನಡುವೆ "ಹೂಂ" ಎನ್ನುತ್ತಿದ್ದೆ. ಮನೆಯಲ್ಲಿ ಅವಳು ಅಷ್ಟು ಮಾತಾಡುವವಳೇ ಅಲ್ಲ.

ಟೆಂಪೊದಿಂದ ಇಳಿಸಿದ ಗಾಡಿಯನ್ನು ಅವಳು ಸುತ್ತು ಹಾಕಿ ನೋಡಿದಳು. "ಇದಕ ಹಿಂದಿನ ಸೀಟ ಎಲ್ಲೈತ್ರಿ?"

"ಬರ್ತೈತಿ, ಕಡೀಕ ಬರ್ತೈತಿ" ಅಂದೆ. ಇದೇ ಆ ಸುಳ್ಳು. ಮೂರು ಶಬ್ದದ್ದು.

ಆಮೇಲಿನ ಮೂರು ವರ್ಷ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಟ್ಯಾಂಕಿನ ಒಳಗಿನ ತುಕ್ಕಿಗೆ ನಿಂಬೆರಸವೇ ಮದ್ದೆಂದು ಗೊತ್ತಾದಾಗ ಉಪ್ಪಿನಕಾಯಿಗೆಂದು ಅವಳು ತರಿಸಿಟ್ಟಿದ್ದ ಒಂದು ಬುಟ್ಟಿ ಹಣ್ಣನ್ನು ಹಿಂಡಿ ಟ್ಯಾಂಕಿಗೆ ಕುಡಿಸಿದೆ. ಆ ವರ್ಷ ನಾವು ಉಪ್ಪಿನಕಾಯಿ ಇಲ್ಲದೆ ರೊಟ್ಟಿ ತಿಂದೆವು. ಕಾರ್ಬೊರೇಟರನ್ನು ಅವಳ ಬೇಳೆ ಬೇಯಿಸುವ ಪಾತ್ರೆಯಲ್ಲಿ ಕುದಿಸಿದೆ. ರೊಟ್ಟಿಯ ಬುಟ್ಟಿಯಲ್ಲಿ ಪಿಸ್ಟನ್ನು ಮಲಗಿತ್ತು. ಬೋಲ್ಟು ನಟ್ಟುಗಳನ್ನು ಸಾಸಿವೆ ಜೀರಿಗೆಯ ಡಬ್ಬಿಗಳಲ್ಲಿ ವಿಂಗಡಿಸಿದ್ದೆ, ಏಕೆಂದರೆ ಆ ಡಬ್ಬಿಗಳ ಅಳತೆ ಬಹಳ ಸರಿಯಾಗಿತ್ತು. ಅವಳು ಬೈಯಲಿಲ್ಲ. ಬಸ್ಸಿನಲ್ಲಿ ನಿಂತುಕೊಂಡು ಸಿಂದಗಿಗೆ ಹೋಗಿ ಬಂದು, ಚಪ್ಪಲಿ ಬಿಡುತ್ತ, "ಇನ್ನ ಎಷ್ಟ ದಿನಾರಿ?" ಎಂದಷ್ಟೇ ಕೇಳುತ್ತಿದ್ದಳು. ಅವಳ ಜೊತೆ ಬಸ್ಸಿನಲ್ಲಿ ನಾನೂ ಹೋಗಬಹುದಿತ್ತು. ಆದರೆ ಭಾನುವಾರ ಗಾಡಿಯ ಕೆಲಸಕ್ಕೆ ಸಿಗುವ ಒಂದೇ ದಿನವಲ್ಲವೇ.

ಈ ನಡುವೆ ನನಗೆ ಇನ್ನೊಂದು ರೋಗ ಅಂಟಿಕೊಂಡಿತು. ಮೊಬೈಲಿನಲ್ಲಿ ಇಂಥ ಹಳೇ ಗಾಡಿಯವರದೊಂದು ಗುಂಪಿದೆ. ಅಲ್ಲೊಬ್ಬ ಪರದೇಶದ ಮುದುಕ. ನಾನು ಹಾಕುವ ಪ್ರತಿ ಫೋಟೊವನ್ನು ನೋಡಿ, ಈ ಬೋಲ್ಟು ಆ ವರ್ಷದ್ದಲ್ಲ, ಈ ಬಣ್ಣ ಒಂದು ಗುಂಜಿ ಹೆಚ್ಚು ಕೆಂಪು ಎಂದು ತಪ್ಪು ಹುಡುಕುತ್ತಿದ್ದ. ಎಲ್ಲವೂ ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೇ ಇರಬೇಕು ಎಂಬುದು ಅವನ ಧರ್ಮ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಬೈದರೆ ಮರುದಿನಕ್ಕೆ ಮರೆಯುತ್ತಿದ್ದ ನಾನು, ಮುಖ ನೋಡದ ಆ ಮುದುಕನ ಒಂದು ಮಾತಿಗೆ ವಾರಗಟ್ಟಲೆ ಕೊರಗುತ್ತಿದ್ದೆ.

ಕೊನೆಗೆ ಫ್ರೇಮಿನಲ್ಲಿ ಒಂದು ಬಿರುಕು ಕಂಡಿತು. ಅದನ್ನು ವೆಲ್ಡಿಂಗ್ ಮಾಡುವ ಮೌಲಾಲಿಗೆ ಕೊಟ್ಟೆ. ಮೌಲಾಲಿ ನನ್ನ ಬಾಲ್ಯದ ಗೆಳೆಯ. ನಮ್ಮ ಮನೆಯ ಗೇಟು, ಕಿಟಕಿ, ಶಾಲೆಯ ಬೆಂಚು ಎಲ್ಲ ಅವನ ಕೈಯವೇ. ಬಿರುಕು ಮುಚ್ಚಲು ಒಂದು ತಾಸು ಸಾಕು. ಅವನು ನಾಲ್ಕು ದಿನ ಇಟ್ಟುಕೊಂಡ. ಐದನೆಯ ದಿನ ಶಾಲೆ ಬಿಟ್ಟು ಬಂದರೆ ಫ್ರೇಮು ಅಂಗಳದಲ್ಲಿ ಗಾಲಿ ಸಮೇತ ನಿಂತಿತ್ತು, ಮೌಲಾಲಿ ಮದುಮಗನ ಅಪ್ಪನ ಹಾಗೆ ಪಕ್ಕದಲ್ಲಿ ನಿಂತಿದ್ದ. ಫ್ರೇಮಿನ ಹಿಂದಕ್ಕೆ ಕಬ್ಬಿಣದ ಪಟ್ಟಿ ಬೆಳೆಸಿ, ಉದ್ದನೆಯ ಮೆತ್ತನೆಯ ಸೀಟು ಕೂರಿಸಿದ್ದ. ಹಿಂದೆ ಕೂರುವವರಿಗೆ ಕಾಲಿಡುವ ಕಂಬಿ ಇತ್ತು. ಎಡಕ್ಕೆ, ಸೆರಗು ಗಾಲಿಗೆ ಸಿಕ್ಕದಂತೆ, ಹೂಬಳ್ಳಿಯ ನಮೂನೆಯ ಜಾಳಿಗೆ ಬೇರೆ.

"ಏನ ಮಾಡೀಯೋ ಮಾರಾಯಾ?" ಎಂದೆ.

"ಮತ್ತ ಬಾಯೋರು ಎಲ್ಲಿ ಕುಂಡರಬೇಕ್ರಿ ಸರ? ಪೆಟ್ರೋಲ್ ಟಾಕಿ ಮ್ಯಾಲ?" ಎಂದ ಮೌಲಾಲಿ. ನಾನು ಮಾಸ್ತರನಾದ ದಿನದಿಂದ ಅವನು ನನ್ನನ್ನು ಸರ್ ಎನ್ನುತ್ತಾನೆ. "ಪರದೇಶದವ್ರು ಅರ್ಧಾ ಮಾಡಿ ಬಿಟ್ಟಿದ್ರು. ನಾ ಪೂರಾ ಮಾಡೇನಿ. ಇದು ನನ್ನ ಕಡಿಂದ, ರೊಕ್ಕದ ಮಾತ ತಗೀಬ್ಯಾಡ್ರಿ."

ನಮ್ಮ ಕಡೆ ಒಬ್ಬನೇ ಕೂರುವ ಗಾಡಿ ಎಂಬ ಕಲ್ಪನೆಯೇ ಇಲ್ಲ. ಗಂಡ, ಹೆಂಡತಿ, ನಡುವೆ ಒಂದು ಕೂಸು, ಹಾಲಿನ ಕ್ಯಾನು, ಇಷ್ಟೂ ಹಿಡಿಸದ ಗಾಡಿ ಎಲ್ಲೋ ಕೆಟ್ಟಿದೆ ಎಂದೇ ಲೆಕ್ಕ. ಹೊಸ ಗಾಡಿಗೆ ಪೂಜೆಯಾದ ಮೇಲೆ ಮೊದಲ ಸುತ್ತು ಹನುಮಂತ ದೇವರ ಗುಡಿಗೆ, ಹಿಂದೆ ಮನೆಯಾಕೆ ಕೂತಿರಲೇಬೇಕು. ಮೌಲಾಲಿ ಇದನ್ನೆಲ್ಲ ಬಲ್ಲವನು. ತಿಳಿಯದೆ ಹೋದದ್ದು ನನಗೆ.

ಸುವರ್ಣಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಸೀಟನ್ನು ಮುಟ್ಟಿದಳು. ಆಮೇಲೆ, ಎಂಜಿನ್ನೂ ಇಲ್ಲದ ಆ ಗಾಡಿಯ ಮೇಲೆ, ಸೆರಗು ಮಡಿಲಿಗೆ ಎಳೆದುಕೊಂಡು, ಪಕ್ಕಕ್ಕೆ ಕಾಲು ಹಾಕಿ ಕೂತಳು. ಮುಂದೆ ನಾನಿದ್ದರೆ ಎಲ್ಲಿ ಕೈ ಇಡುತ್ತಿದ್ದಳೋ ಅಲ್ಲಿ ಗಾಳಿಯಲ್ಲೇ ಕೈ ಇಟ್ಟು ನೋಡಿದಳು. "ಚೊಲೊ ಆಗೇತಿ ನೋಡ್ರಿ ಮೌಲಾಲಿ ಅಣ್ಣಾ" ಎಂದು ನಕ್ಕಳು. ಇವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತು ಎಂದು ನಾನು ಲೆಕ್ಕ ಹಾಕಬೇಕಿತ್ತು. ನಾನು ಲೆಕ್ಕ ಹಾಕಿದ್ದು ಎಷ್ಟು ಕಡೆ ಕತ್ತರಿಸಬೇಕು ಎಂದು.

ಮರುದಿನ ಬೆಳಿಗ್ಗೆ ಕಬ್ಬಿಣ ಕತ್ತರಿಸುವ ಗ್ರೈಂಡರ್ ತಂದು ಶುರುಮಾಡಿದೆ. ಕಿಡಿ ಹಾರಿ ತುಳಸಿಯ ಎಲೆ ಸುಟ್ಟವು. ಸೀಟು ಬಿತ್ತು, ಕಂಬಿ ಬಿತ್ತು, ಹೂಬಳ್ಳಿಯ ಜಾಳಿಗೆಯೂ ಬಿತ್ತು. ಸದ್ದು ನಿಂತಾಗ ಸುವರ್ಣಾ ಬಾಗಿಲಲ್ಲಿದ್ದಳು.

"ಇದಕ ಮೊದಲಿಂದ ಹಿಂದಿನ ಸೀಟ ಇರಲೇ ಇಲ್ಲೇನ್ರಿ?"

"ಇರಲಿಲ್ಲ."

"ತರೂ ಮುಂದ ನಿಮಗ ಗೊತ್ತಿತ್ತೇನ್ರಿ?"

ಗ್ರೈಂಡರ್ ಕೈಯಲ್ಲಿ ಹಿಡಿದುಕೊಂಡು ಸುಳ್ಳು ಹೇಳುವುದು ಕಷ್ಟ. "ಗೊತ್ತಿತ್ತು" ಅಂದೆ. ಅವಳು ಒಳಗೆ ಹೋಗಿ ಅನ್ನಕ್ಕಿಟ್ಟಳು. ಜಗಳ ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಮೌಲಾಲಿಯೂ ಜಗಳ ಮಾಡಲಿಲ್ಲ, ಕತ್ತರಿಸಿದ ಕಬ್ಬಿಣವನ್ನು ಬಂದು ಒಯ್ದ, ಅಷ್ಟೆ. ಆಮೇಲೆ ನಮ್ಮ ಗೇಟಿನ ಕೊಂಡಿ ಮುರಿದಾಗ ಎರಡು ಸಲ ಹೇಳಿ ಕಳಿಸಿದರೂ ಅವನಿಗೆ ಪುರುಸೊತ್ತಾಗಲಿಲ್ಲ.

ಗಾಡಿ ಎರಡು ತಿಂಗಳಲ್ಲಿ ಪೂರ್ತಿಯಾಯಿತು. ಏಳನೆಯ ಕಿಕ್ಕಿಗೆ ಶುರುವಾಯಿತು. ಬಂಡೆ ಇಲ್ಲದ್ದರಿಂದ, ಪಕ್ಕದ ಮನೆಯವರು ಪಾಯಕ್ಕೆಂದು ಹಾಕಿಸಿದ್ದ ಕಲ್ಲಿನ ರಾಶಿ ಹತ್ತಿ ಇಳಿದೆ. ಫೋಟೊ ಹಾಕಿದೆ. ಆ ಮುದುಕ ಮೊದಲ ಸಲ ತಪ್ಪು ಹುಡುಕಲಿಲ್ಲ. 'ನೀನು ಕೊನೆಯವರೆಗೂ ನಿಷ್ಠೆ ಕಾಯ್ದುಕೊಂಡೆ' ಎಂದು ಬರೆದ. ಓದಿ ತೋರಿಸೋಣವೆಂದರೆ ಮನೆಯಲ್ಲಿ ಯಾರೂ ಇರಲಿಲ್ಲ. ಸುವರ್ಣಾ ಸ್ಕೂಟಿ ಕಲಿಯಲು ಶಾಲೆಯ ಮೈದಾನಕ್ಕೆ ಹೋಗಿದ್ದಳು. ಕಲಿಸುತ್ತಿದ್ದವರು ಆ ಕಲ್ಲಿನ ರಾಶಿಯ ಮನೆಯ ರತ್ನಾಬಾಯಿ.

ಈಗ ಹದಿನೈದು ದಿನಕ್ಕೊಮ್ಮೆ ಸುವರ್ಣಾ ತನ್ನ ಸ್ಕೂಟಿಯ ಮೇಲೆಯೇ ಸಿಂದಗಿಗೆ ಹೋಗುತ್ತಾಳೆ. ರತ್ನಾಬಾಯಿಯ ಮಗಳನ್ನು ಅಲ್ಲಿಗೇ ಕೊಟ್ಟಿರುವುದರಿಂದ ಹಿಂದಿನ ಸೀಟು ಅವರದು. ಕಳೆದ ಭಾನುವಾರ ನಾನು ಅಂಗಿ ಇಸ್ತ್ರಿ ಮಾಡಿಕೊಂಡು ಹೊರಗೆ ಬಂದು, "ನಾನೂ ನನ್ನ ಗಾಡಿ ಮ್ಯಾಲ ನಿಮ್ಮ ಹಿಂದಿಂದ ಬರ್ಲೇನು?" ಎಂದು ಕೇಳಿದೆ. ಆ ಗಾಡಿಯ ಮೇಲೆ ಸಿಂದಗಿಯವರೆಗೂ ನಿಂತುಕೊಂಡೇ ಹೋಗಬೇಕು, ಆದರೂ ಕೇಳಿದೆ.

ಸುವರ್ಣಾಳಿಗೆ ಸಿಟ್ಟೇನೂ ಬರಲಿಲ್ಲ. ಪರಿಚಯದವರೊಬ್ಬರಿಗೆ ಹೇಳುವಂತೆ ಮೆತ್ತಗೆ, "ಬ್ಯಾಡ್ರಿ. ಅದರ ಸಪ್ಪಳದಾಗ ನಮಗ ಮಾತಾಡಾಕ ಆಗೂದಿಲ್ಲ" ಎಂದಳು. ರತ್ನಾಬಾಯಿ ಹತ್ತಿ ಕೂತರು. ಗಾಡಿ ತಿರುವು ದಾಟುವುದರೊಳಗೆ ಇಬ್ಬರೂ ಯಾವುದಕ್ಕೋ ನಗುತ್ತಿದ್ದರು.

ನಾನು ಕಟ್ಟೆಯ ಮೇಲೆ ಕೂತು, ಇಷ್ಟು ವರ್ಷ ಸಿಂದಗಿಯ ದಾರಿಯುದ್ದಕ್ಕೂ ಅವಳು ನನ್ನ ಬೆನ್ನ ಹಿಂದೆ ಹೇಳಿದ ಮಾತುಗಳಲ್ಲಿ ಒಂದಾದರೂ ನೆನಪಾಗುತ್ತದೆಯೇ ಎಂದು ತಡಕಾಡಿದೆ. ಮಧ್ಯಾಹ್ನದವರೆಗೂ ಕೂತೆ. ನೆನಪಾದದ್ದು ಒಂದೇ: ಆ ಹಳೆಯ ಬೈಕಿನ ಚೈನು ಸಡಿಲಾಗಿತ್ತು, ಉಬ್ಬು ಬಂದಾಗಲೆಲ್ಲ ಬಡಿಯುತ್ತಿತ್ತು, ನಾನು ದಾರಿಯುದ್ದಕ್ಕೂ ಅದನ್ನೇ ಕೇಳುತ್ತಿದ್ದೆ.