ಕಾಕಾನ ಎಂಜಿನ್ನೂ ಅಮಾವಾಸ್ಯೆಯ ಕುಂಕುಮವೂ

ನಮ್ಮ ಕಾಕಾನಂಥ ಇನ್ನೊಬ್ಬ ಮನುಷ್ಯನನ್ನು ರಬಕವಿ-ಬನಹಟ್ಟಿಯಲ್ಲಿ ತೋರಿಸಿ, ನಾನು ಬರೆಯುವುದನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ಅವನಿಗೆ ಈಜು ಬರುವುದಿಲ್ಲ. ದೋಣಿ ಇಲ್ಲ. ಹೊಳೆಯ ದಂಡೆಗೆ ಹೋದರೆ ನೀರಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಸ್ನಾನದ ಬಕೆಟ್ಟಿಗೂ ಮೊದಲು ಕೈಯಿಳಿಸಿ ಆಳ ನೋಡುವ ಆಸಾಮಿ! ಇಂಥವನ ಮಗ್ಗದ ಕೋಣೆಯ ಮೂಲೆಯಲ್ಲಿ ಹದಿನೈದು ವರ್ಷದಿಂದ ಒಂದು ದೋಣಿಯ ಎಂಜಿನ್ ಕುಳಿತಿತ್ತು. ನೇಕಾರನ ಮನೆಯಲ್ಲಿ ದೋಣಿಯ ಎಂಜಿನ್ನಿಗೇನು ಕೆಲಸ ಎಂದು ಅವನ ಹೆಂಡತಿ, ನಮ್ಮ ಕಾಕುವನ್ನು ಕೇಳಬೇಡಿ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ಕೇಳಿದ ಇದಕ್ಕಿಂತ ಸುಲಭದ ಪ್ರಶ್ನೆಗಳಿಗೇ ಇನ್ನೂ ಉತ್ತರ ಸಿಕ್ಕಿಲ್ಲ.

ಎಂಜಿನ್ ಅವನದಲ್ಲ, ಗೆಳೆಯನದು. ಗೆಳೆಯ ಅನಗವಾಡಿಯ ಅಂಬಿಗ. ಕಾಕಾ ಹರೆಯದಲ್ಲಿ ಸೀರೆಯ ಗಂಟು ಹೊತ್ತು ಆಚೆ ದಂಡೆಯ ಊರುಗಳಿಗೆ ಮಾರಲು ಹೋಗುವಾಗ ಇವನ ದೋಣಿಯಲ್ಲೇ ಹೊಳೆ ದಾಟುತ್ತಿದ್ದ. ದಾಟುತ್ತಿದ್ದ ಎಂದರೆ, ಗಂಟನ್ನು ಅಪ್ಪಿಕೊಂಡು, ಕಣ್ಣು ಮುಚ್ಚಿ, ಎಂಜಿನ್ನಿನ ಪಕ್ಕ ಕುಳಿತಿರುತ್ತಿದ್ದ. ದಂಡೆ ಬಂತೆಂದು ಅಂಬಿಗ ಆಣೆ ಮಾಡಿ ಹೇಳುವವರೆಗೆ ಕಣ್ಣು ತೆರೆಯುತ್ತಿರಲಿಲ್ಲ. ಒಂದೆರಡು ಸಲ ಅಂಬಿಗ ನಡುಹೊಳೆಯಲ್ಲೇ ಹಾಗೆ ಆಣೆ ಮಾಡಿದ್ದೂ ಉಂಟು. ಇಂಥ ಮೋಸದಿಂದ ಶುರುವಾದ ಸ್ನೇಹ ಗಟ್ಟಿಯಾಗದೆ ಇದ್ದೀತೇ?

ಆಮೇಲೆ ಸೇತುವೆಯಾಯಿತು, ದೋಣಿಗೆ ಕೆಲಸ ಹೋಯಿತು. ಅಂಬಿಗ ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯೊಂದಕ್ಕೆ ದುಡಿಯಲು ಹೋದ. ದೋಣಿಯನ್ನು ಕೊಟ್ಟುಬಿಟ್ಟ, ಎಂಜಿನ್ ಕೊಡಲು ಮನಸ್ಸಾಗಲಿಲ್ಲ. ಒಂದು ಕೋಣೆಯ ಕ್ವಾರ್ಟರ್ಸಿನಲ್ಲಿ ಅದನ್ನಿಡಲು ಜಾಗವಿರಲಿಲ್ಲ. ತಂದು ಕಾಕಾನ ಮನೆಯಲ್ಲಿಟ್ಟು, ಅಮಾವಾಸ್ಯೆಗೊಮ್ಮೆ ಚಾಲೂ ಮಾಡು, ಇಲ್ಲದಿದ್ದರೆ ಕೆಡುತ್ತದೆ ಎಂದ. ಕಾಕಾ ಎದೆ ಮುಟ್ಟಿ ಮಾತು ಕೊಟ್ಟ.

ಮಾತು ಕೊಟ್ಟವನು ಒಮ್ಮೆಯೂ ಚಾಲೂ ಮಾಡಲಿಲ್ಲ! ಅದರ ಸದ್ದು ಕೇಳಿದರೆ ತಾನಿನ್ನೂ ನಡುಹೊಳೆಯಲ್ಲಿದ್ದೇನೆ ಅನಿಸುತ್ತದಂತೆ. ಹಾಗೆಂದು ಸುಮ್ಮನೆ ಬಿಟ್ಟನೇ? ನಮ್ಮಲ್ಲಿ ಅಮಾವಾಸ್ಯೆಗೆ ಮಗ್ಗಗಳಿಗೆ ರಜೆ, ಪೂಜೆ. ಮಗ್ಗದ ಜೊತೆ ಎಂಜಿನ್ನಿಗೂ ಪೂಜೆ ಶುರುವಾಯಿತು. ಹ್ಯಾಂಡಲ್ಲನ್ನು ಅರ್ಧ ಸುತ್ತು ತಿರುಗಿಸಿ ದೇವರನ್ನು ಎಬ್ಬಿಸಿದಂತೆ ಅದನ್ನು ಎಬ್ಬಿಸುವುದು, ಡೀಸೆಲ್ ಟಾಕಿಯ ಮುಚ್ಚಳವೇ ಹಣೆ ಎಂದುಕೊಂಡು ಅದಕ್ಕೆ ವಿಭೂತಿ, ಅರಿಶಿನ, ಕುಂಕುಮ ಹಚ್ಚುವುದು, ಕಾಯಿ ಒಡೆಯುವುದು. ಅದೇ ದಿನ ಮಧ್ಯಾಹ್ನ ಅಂಬಿಗನ ಫೋನು ಬರುತ್ತಿತ್ತು: ಚಾಲೂ ಆತೇನು? ಆತು, ಗಡಿಯಾರದಂಗ ಓಡತು ಎಂದು ಕಾಕಾ ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಿದ್ದ. ಆಮೇಲೆ ಅರ್ಧ ತಾಸು ಇಬ್ಬರೂ ಊರ ಸುದ್ದಿಯೆಲ್ಲ ಮಾತಾಡುತ್ತಿದ್ದರು. ಹದಿನೈದು ವರ್ಷ ಹೀಗೇ ನಡೆಯಿತು.

ಕಳೆದ ವರ್ಷ ಒಂದು ಶುಕ್ರವಾರ ಅಮಾವಾಸ್ಯೆಯಲ್ಲದಿದ್ದರೂ ಅಂಬಿಗನ ಫೋನು ಬಂತು. ಅವನು ಕೆಲಸ ಬಿಟ್ಟು ಅನಗವಾಡಿಗೆ ಮರಳಿದ್ದ. ಅಳಿಯನ ಜೊತೆ ಹಿನ್ನೀರಿನಲ್ಲಿ ಮೀನು ಹಿಡಿಯಲು ಹಳೆಯ ದೋಣಿಯೊಂದನ್ನು ಕೊಂಡಿದ್ದ. ಸೋಮವಾರ ಟೆಂಪೋ ತಂದು ಎಂಜಿನ್ ಒಯ್ಯುತ್ತೇನೆ, ಹೇಗೂ ತಿಂಗಳಿಗೊಮ್ಮೆ ಓಡುತ್ತಿದೆಯಲ್ಲ ಎಂದನಂತೆ. ಕಾಕಾ ಆ ಹೊತ್ತು ಊಟ ಮಾಡಲಿಲ್ಲ. ಜಮಖಂಡಿಯಲ್ಲಿ ಮಾಸ್ತರನಾಗಿರುವ ನನಗೆ ಫೋನು ಹಚ್ಚಿದ.

"ನೀ ವಿಜ್ಞಾನ ಕಲಸ್ತಿ. ಎಂಜಿನ್ ಚಾಲೂ ಮಾಡಿಕೊಡು. ಇಲ್ಲಂದ್ರ ಅವನಿಗೆ ನಾ ಹೆಂಗ ಮಾರಿ ತೋರಸ್ಲಿ?"

ನಾನು ಕಲಿಸುವ ವಿಜ್ಞಾನದಲ್ಲಿ ಡೀಸೆಲ್ ಎಂಜಿನ್ ಎಂದರೆ ಬೋರ್ಡಿನ ಮೇಲಿನ ಚಿತ್ರ. ಅದನ್ನೂ ಹುಡುಗರೇ ನನಗಿಂತ ಚೆನ್ನಾಗಿ ಬಿಡಿಸುತ್ತಾರೆ. ಆದರೂ ಕಾಕಾನ ಧ್ವನಿ ಕೇಳಿ ಶನಿವಾರ ಸಾಲಿ ಬಿಟ್ಟೊಡನೆ ಬಸ್ಸು ಹತ್ತಿದೆ.

ಟಾಕಿಯ ಮುಚ್ಚಳ ತೆಗೆದೆವು. ಒಳಗಿದ್ದದ್ದು ಒಂದು ಕಾಲಕ್ಕೆ ಡೀಸೆಲ್ ಆಗಿತ್ತಂತೆ. ಈಗ ಕಾಕುವಿನ ಕಷಾಯದ ಬಣ್ಣಕ್ಕೆ ಬಂದಿತ್ತು. ತಳದಲ್ಲಿ ಬೆಲ್ಲದ ಪಾಕದಂಥ ಗಸಿ. ಆ ವಾಸನೆಗೆ ಓಣಿಯ ನಾಯಿಯೂ ಎದ್ದು ಹೋಯಿತು. ಅದನ್ನೆಲ್ಲ ಚೆಲ್ಲಿ, ಗಸಿ ಕೆರೆಯಲೆಂದು ಟಾಕಿಯೊಳಗೆ ಸಣ್ಣ ಹರಳು ಹಾಕಿ, ಒಂದಿಷ್ಟು ಡೀಸೆಲ್ ಸುರಿದು, ನಾವಿಬ್ಬರೂ ಆಚೀಚೆ ಹಿಡಿದು ಅಲುಗಾಡಿಸಿ ತೊಳೆದೆವು. ರಬ್ಬರಿನ ಪೈಪು ಮುಟ್ಟಿದರೆ ಚಕ್ಕಲಿಯಂತೆ ಮುರಿಯಿತು. ಹೊಸ ಪೈಪು, ಹೊಸ ಫಿಲ್ಟರು ತಂದೆವು. ಡೀಸೆಲ್ ಚಿಮ್ಮಿಸುವ ನಾಝಲ್ಲನ್ನು ಅಂಗಡಿಯಲ್ಲಿ ತೊಳೆಸಿಕೊಂಡು ಬಂದೆವು. ಹೊಸ ಡೀಸೆಲ್ಲನ್ನು ಸೋಸಲು ಮಾತ್ರ ಕಾಕಾ ಪೇಟೆಯ ಜಾಳಿಗೆಯನ್ನು ನಂಬಲಿಲ್ಲ. ತನ್ನ ಮಗ್ಗದ ನೇಯ್ಗೆಯೇ ಆಗಬೇಕೆಂದು ಒಂದಾದ ಮೇಲೊಂದು ನಾಲ್ಕು ಬಟ್ಟೆ ತಿರಸ್ಕರಿಸಿ, ಐದನೆಯದಕ್ಕೆ ಕಾಕುವಿನ ಹೊಸ ಸೀರೆಯ ಸೆರಗಿಗೆ ಕೈ ಹಾಕಿದ. ಕಾಕು ಒಮ್ಮೆ ನೋಡಿದಳಷ್ಟೇ. ನಾಲ್ಕನೆಯ ಬಟ್ಟೆಯೇ ಛಲೋ ಇದೆ ಎಂದು ಕಾಕಾನಿಗೆ ಕೂಡಲೇ ಹೊಳೆಯಿತು.

ರವಿವಾರ ಬೆಳಿಗ್ಗೆ ಪೈಪಿನ ನಟ್ಟು ಸಡಿಲಿಸಿ, ಒಳಗಿನ ಗಾಳಿಯ ಗುಳ್ಳೆಗಳೆಲ್ಲ ಹೋಗುವವರೆಗೆ ಡೀಸೆಲ್ ಹರಿಯಬಿಟ್ಟು, ಮತ್ತೆ ಬಿಗಿದೆವು. ಕಾಕಾ ದೇವರ ಹೆಸರು ಹೇಳಿ ಹ್ಯಾಂಡಲ್ ತಿರುಗಿಸಿದ. ಏಳನೆಯ ಸಲಕ್ಕೆ ಎಂಜಿನ್ ಕೆಮ್ಮಿತು, ಕರಿ ಹೊಗೆ ಉಗುಳಿತು, ಆಮೇಲೆ ಡುಗುಡುಗು ಎಂದು ಹೊಡೆದುಕೊಳ್ಳತೊಡಗಿತು. ಓಣಿಯ ಮಂದಿಯೆಲ್ಲ ಸೇರಿದರು. ಕಾಕಾ ಮದುವೆಯ ಮನೆಯ ಯಜಮಾನನಂತೆ ಎಲ್ಲರಿಗೂ ಚಹಾ ಹೇಳಿದ. ಚಹಾ ಕುದಿಯುವ ಮೊದಲೇ ಎಂಜಿನ್ ನಿಂತಿತು.

ಮುಚ್ಚಳ ತೆಗೆದರೆ ಟಾಕಿ ತುಂಬ ಡೀಸೆಲ್ಲಿದೆ. ಮುಚ್ಚಿ, ಹ್ಯಾಂಡಲ್ ತಿರುಗಿಸಿದರೆ ಮತ್ತೆ ಚಾಲೂ. ಐದು ನಿಮಿಷಕ್ಕೆ ಮತ್ತೆ ಬಂದ್! ಮಧ್ಯಾಹ್ನದವರೆಗೆ ಇದೇ ಆಟ. ನಾನು ಫಿಲ್ಟರು ಬಿಚ್ಚಿದೆ, ಪೈಪು ಊದಿದೆ, ಮೂರು ಸಲ ಗಾಳಿ ತೆಗೆದೆ. ದೃಷ್ಟಿಯಾಗಿದೆ ಎಂದು ಕಾಕಾ ಮುಚ್ಚಳಕ್ಕೆ ಇನ್ನೊಂದು ಬೊಟ್ಟು ಕುಂಕುಮ ಹಚ್ಚಿದ. ಕಡೆಗೆ ಸೋತು, ಅವನು ನಂಬೂದಿಲ್ಲ, ಇನ್ನ ಮ್ಯಾಲ ನನ್ನ ಕೂಡ ಮಾತಾಡೂದಿಲ್ಲ ಎಂದು ಗೋಡೆಗೆ ಒರಗಿ ಕುಳಿತ. ಕಾಕಾನನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ.

ಊಟಕ್ಕೆ ಕರೆಯಲು ಬಂದ ಕಾಕು ಎಂಜಿನ್ನನ್ನೂ ನಮ್ಮಿಬ್ಬರನ್ನೂ ನೋಡಿದಳು.

"ಎಣ್ಣಿ ಡಬ್ಬಿಗೆ ಒಂದ ತೂತ ಹಾಕಿದ್ರ ಎಣ್ಣಿ ಬರ್ತೈತೇನ್ರಿ? ಗಾಳಿ ಹೋಗಾಕ ಇನ್ನೊಂದ ಹಾಕಬೇಕು. ಇದರ ಇನ್ನೊಂದ ತೂತ ಎಲ್ಲೈತಿ?"

ಗಾಳಿಯ ಒತ್ತಡದ ಪಾಠವನ್ನು ನಾನು ವರ್ಷಕ್ಕೆ ಮೂರು ವರ್ಗಗಳಿಗೆ ಹೇಳುತ್ತೇನೆ. ತಲೆ ತಗ್ಗಿಸಿ ಮುಚ್ಚಳವನ್ನು ಕೈಗೆತ್ತಿಕೊಂಡೆ. ಗಾಳಿಯಾಡುವ ತೂತು ಅಲ್ಲೇ ಇತ್ತು, ಹದಿನೈದು ವರ್ಷದ ಕುಂಕುಮ, ಅರಿಶಿನ, ವಿಭೂತಿಗಳ ಅಡಿಯಲ್ಲಿ! ದಬ್ಬಣದಿಂದ ಕೆರೆದರೆ ಹೆಂಟೆಹೆಂಟೆಯಾಗಿ ಬಂತು. ಅದನ್ನು ಕಸಕ್ಕೆ ಹಾಕಲು ಕಾಕಾ ಬಿಡಲಿಲ್ಲ, ತುಳಸಿ ಕಟ್ಟೆಗೆ ಹಾಕಿ ಬಂದ. ಆಮೇಲೆ ಎಂಜಿನ್ ಒಂದು ತಾಸು ಓಡಿತು. ನಾವೇ ನಿಲ್ಲಿಸಬೇಕಾಯಿತು.

ಸೋಮವಾರ ನಾನು ರಜೆ ಹಾಕಿದೆ. ಅಂಬಿಗ ಬಂದ, ಎಂಜಿನ್ ಓಡಿಸಿ ನೋಡಿದ, ಛಲೋ ಐತಿ ಎಂದು ತಲೆಯಾಡಿಸಿದ. ಕೆಲಸ ಅಲ್ಲಿಗೇ ಮುಗಿಯಬಹುದಿತ್ತು. ಸುಳ್ಳು ಹೇಳಿ ಗೆದ್ದ ಮನುಷ್ಯ ಬಾಯಿ ಮುಚ್ಚಿಕೊಂಡು ಇರುವುದಿಲ್ಲವೇ? ಆದರೆ ನಮ್ಮ ಕಾಕಾ ಆ ಜಾತಿಯವನಲ್ಲ. ಟೆಂಪೋಗೆ ಎಂಜಿನ್ ಏರಿಸಿದ ಮೇಲೆ ಗೆಳೆಯನ ಕೈ ಹಿಡಿದು, ನಿನ್ನೆಯವರೆಗೆ ಒಮ್ಮೆಯೂ ಚಾಲೂ ಮಾಡಿರಲಿಲ್ಲ ಎಂದು ಎಲ್ಲ ಹೇಳಿಬಿಟ್ಟ.

ಅಂಬಿಗ ನಕ್ಕ. "ಗೊತ್ತೈತಿ. ಇದು ಒಮ್ಮಿ ಓಡಿದ್ರ ಎರಡ ತಾಸ ಕಿವಿ ಗುಂಯ್ ಅಂತಾವು. ನೀ ಫೋನಿನ್ಯಾಗ ನಾ ಪಿಸುಗುಟ್ಟಿದ್ದೂ ಕೇಳಸ್ಕೊಂತಿದ್ದಿ."

"ಗೊತ್ತಿದ್ದೂ ಅಮಾಸಿಗೊಮ್ಮಿ ಯಾಕ ಕೇಳ್ತಿದ್ದಿ?"

"ಮತ್ತೇನ ಕೇಳ್ಲಿ? ಆ ಕ್ವಾರ್ಟರ್ಸಿನ್ಯಾಗ ಒಬ್ಬನ ಇದ್ದೆ. ಸುಮ್ನ ಫೋನ್ ಹಚ್ಚಾಕ ನಾಚಿಕಿ ಬರ್ತಿತ್ತು."

ಟೆಂಪೋ ಹೋಯಿತು. ಕಾಕಾ ಖಾಲಿ ಮೂಲೆಯ ಮುಂದೆ ಬಹಳ ಹೊತ್ತು ನಿಂತಿದ್ದ.

ಮುಂದಿನ ಅಮಾವಾಸ್ಯೆಗೆ ನಾನು ಬೇಕೆಂದೇ ರಬಕವಿಗೆ ಹೋದೆ. ಪೂಜೆಯಾಯಿತು, ಊಟವಾಯಿತು, ಫೋನು ಬರಲಿಲ್ಲ. ನೀವೇ ಹಚ್ಚಿರಿ ಎಂದು ಕಾಕು ಎರಡು ಸಲ ಹೇಳಿದಳು. ಕೇಳಲು ಈಗ ಏನು ಉಳಿದಿದೆ ಎಂದು ಕಾಕಾ ಮುಖ ತಿರುವಿದ. ಮೂರು ಗಂಟೆಯ ಸುಮಾರಿಗೆ ಫೋನು ಬಡಿದುಕೊಂಡಿತು. ಅಂಬಿಗನ ಸಿಟ್ಟು ನನಗೂ ಕೇಳಿಸುವಷ್ಟಿತ್ತು.

"ಮುಂಜಾನಿಂದ ದೋಣಿಯಾಗ ಕುಂತ ಹಾದಿ ನೋಡಾಕತ್ತೇನಿ. ಇನ್ನ ಮ್ಯಾಲ ಕೇಳೂ ಪಾಳಿ ನಿಂದಲೇ."

ಕಾಕಾ ಎರಡು ಸಲ ಕೆಮ್ಮಿ, ಚಾಲೂ ಆತೇನಪಾ ಎಂದು ಕೇಳಿದ.

ಉತ್ತರವಾಗಿ ಆ ಕಡೆಯಿಂದ ಎಂಜಿನ್ನಿನ ಸದ್ದು ಬಂತು. ಅದರಲ್ಲಿ ಯಾರ ಮಾತೂ ಕೇಳಿಸುವಂತಿರಲಿಲ್ಲ. ಕಾಕಾ ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಅರ್ಧ ತಾಸು ಹಾಗೇ ಕುಳಿತಿದ್ದ.