ನಾಲ್ಕು ಮಿಲಿಮೀಟರಿನ ಸೋದರಮಾವ

ಭಾನುವಾರ ಬೆಳಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ಚಕ್ರಪಾಣಿಯವರು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯ ನಟ್ಟನಡುವೆ ಮಂಡಿಯೂರಿ, ಕೆನ್ನೆಯನ್ನು ಡಾಂಬರಿಗೆ ತಾಗಿಸಿ, ರಸ್ತೆಯುಬ್ಬಿನ ಎತ್ತರ ಅಳೆಯುತ್ತಿದ್ದರು. ಕೈಯಲ್ಲಿ ಉಕ್ಕಿನ ಅಡಿಪಟ್ಟಿ, ಬಾಯಲ್ಲಿ ಟಾರ್ಚು.

ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದ ಹಿರಿಯರೊಬ್ಬರು ನಿಂತು ನೋಡಿದರು.

"ಕಾರ್ಪೊರೇಷನ್ನೋರಾ ಸಾರ್?"

ಚಕ್ರಪಾಣಿಯವರು ಟಾರ್ಚು ತೆಗೆದು, "ಅಲ್ಲ" ಎಂದರು.

"ಮತ್ತೆ ಏನ್ ಕಳ್ಕೊಂಡ್ರಿ?"

"ಇನ್ನೂ ಏನೂ ಇಲ್ಲ."

ಈ ಉತ್ತರದಲ್ಲಿದ್ದ 'ಇನ್ನೂ' ಎಂಬ ಪದ ಅವರ ಅಂದಿನ ಮನಃಸ್ಥಿತಿಯನ್ನು ಸರಿಯಾಗಿ ಹಿಡಿದಿತ್ತು. ಹೊಸ ಕಾರು ಕೊಂಡ ಮೇಲೆ ಅವರು ನಕ್ಕದ್ದು ಒಂದೇ ಸಲ. ಅದೂ ಷೋರೂಮಿನವರು ಫೋಟೋ ತೆಗೆಯುವಾಗ.

ಚಕ್ರಪಾಣಿಯವರು ಔಷಧ ಕಂಪನಿಯೊಂದರ ಗುಣಮಟ್ಟ ಪರೀಕ್ಷಾಲಯದ ನಿವೃತ್ತ ಮುಖ್ಯಸ್ಥರು. ಜೀವಮಾನವಿಡೀ ಅಳೆದವರು, ತೂಗಿದವರು, ಮತ್ತು ಅದೇ ಕಾರಣಕ್ಕೆ ಜೀವಮಾನವಿಡೀ ಎಲ್ಲ ಕಡೆಗೂ ತಡವಾಗಿ ಹೋದವರು. ಮನೆಯಿಂದ ಹೊರಟರೆ ಗ್ಯಾಸಿನ ಗುಬುಟು ನೋಡಲು ಒಮ್ಮೆ ವಾಪಸ್ಸು, ಗುಬುಟು ನೋಡಿದ ಮೇಲೆ ಬೀಗ ಜಗ್ಗಿದೆನೋ ಇಲ್ಲವೋ ಎಂದು ಇನ್ನೊಮ್ಮೆ. ತಂಗಿ ಶಿವರಂಜಿನಿಯ ಮದುವೆಯಲ್ಲಿ ಹೋಮದ ಹೊತ್ತಿಗೆ ಅಣ್ಣನಾದವನು ಅವಳ ಬೊಗಸೆಗೆ ಅರಳು ಹಾಕಬೇಕು. ಅಣ್ಣ ಆಗ ಮಲ್ಲೇಶ್ವರದ ಮನೆಯಲ್ಲಿ ಗ್ಯಾಸಿನ ಮುಂದೆ ನಿಂತಿದ್ದ. ಅರಳನ್ನು ಚಿಕ್ಕಪ್ಪನ ಮಗ ಶ್ರೀಹರಿ ಹಾಕಿದ. ಆ ಫೋಟೋ ಇವತ್ತಿಗೂ ಶಿವರಂಜಿನಿಯ ಮನೆಯ ಹಾಲ್‌ನಲ್ಲಿದೆ, ಸರಿಯಾಗಿ ಚಕ್ರಪಾಣಿಯವರು ಕೂರುವ ಕುರ್ಚಿಯ ಎದುರಿಗೆ.

ಈಗ ಶಿವರಂಜಿನಿಯ ಮಗಳು ಅಕ್ಷಯಾಳಿಗೆ ಮದುವೆ. ವಧುವಿನ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಇರುವವರು ಒಬ್ಬರೇ.

"ಮಾಮ, ಈ ಸಲ ಟೈಮಿಗೆ ಬರ್ತೀರಲ್ಲ?" ಎಂದು ಅಕ್ಷಯಾ ಲಗ್ನಪತ್ರಿಕೆ ಕೊಡುವಾಗ ಕೇಳಿದ್ದಳು. ಪಕ್ಕದಲ್ಲಿದ್ದ ಶಿವರಂಜಿನಿ ಗಡಿಯಾರ ನೋಡಿದಳು. ಬೈದಿದ್ದರೆ ವಾಸಿಯಿತ್ತು.

ತಡ ಎಂಬ ಕಾಯಿಲೆಗೆ ವೇಗವೇ ಔಷಧಿ ಎಂದು ನಿವೃತ್ತ ಪರೀಕ್ಷಕರು ತೀರ್ಮಾನಿಸಿದರು. ಹೆಬ್ಬಾಳದ ಆಚೆ ಎಂದೋ ಕೊಂಡು ಮರೆತಿದ್ದ ಸೈಟು, ಒಂದೇ ತಿಂಗಳಲ್ಲಿ ಕುಂಕುಮಗೆಂಪಿನ ವಿದೇಶಿ ಸ್ಪೋರ್ಟ್ಸ್ ಕಾರಾಗಿ ರೂಪಾಂತರ ಹೊಂದಿತು. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಮೂರೂವರೆ ಸೆಕೆಂಡು! (ಸಂಪಿಗೆ ರಸ್ತೆಯಲ್ಲಿ ಇದುವರೆಗಿನ ದಾಖಲೆ ಇಪ್ಪತ್ತಮೂರು ಕಿಲೋಮೀಟರ್. ಅದೂ ಮುಂದಿದ್ದ ಕಸದ ಲಾರಿ ತಿರುಗಿಕೊಂಡಿದ್ದರಿಂದ.)

ಬೀದಿಯವರೆಲ್ಲ ಬಂದು ನೋಡಿದರು. ಎದುರುಮನೆಯ ವೀರಭದ್ರಯ್ಯನವರು ಸುತ್ತ ಪ್ರದಕ್ಷಿಣೆ ಹಾಕಿ, "ಎರಡೇ ಸೀಟಾ? ಹಿಂದಿನ ಸೀಟು ಆಮೇಲೆ ಕಳಿಸ್ತಾರಾ?" ಎಂದರು. ಎಂಜಿನ್ನು ಹಿಂದೆ, ಡಿಕ್ಕಿ ಮುಂದೆ ಎಂದು ವಿವರಿಸಿದಾಗ ಸಂತಾಪದ ದನಿಯಲ್ಲಿ, "ವಾಪಸ್ ತಗೋತಾರೆ ಬಿಡಿ, ಬಿಲ್ ಇದೆಯಲ್ಲ" ಎಂದರು.

ಹೆಂಡತಿ ರಂಗನಾಯಕಿ ಒಮ್ಮೆ ಒಳಗೆ ಕೂತು ನೋಡಿದಳು.

"ಇದು ಕೂರೋದಲ್ಲ ರೀ, ಬಾವಿಗೆ ಇಳಿಯೋದು. ನನ್ನ ಮಂಡಿ ಕಿವಿ ಹತ್ರ ಬಂತು."

"ಗುರುತ್ವ ಕೇಂದ್ರ ಕೆಳಗಿದ್ರೆ ವೇಗದಲ್ಲಿ ಸ್ಥಿರತೆ."

"ವೇಗ ಎಲ್ಲಿದೆ ತೋರ್ಸಿ, ಸ್ಥಿರತೆ ನಾನು ಆಗ್ಲೇ ನೋಡ್ತಿದೀನಿ."

ಆ ಸ್ಥಿರತೆಗೆ ಕಾರಣ ರಸ್ತೆಯುಬ್ಬುಗಳು. ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಇರುವುದು ನೂರ ಹದಿನೆಂಟು ಮಿಲಿಮೀಟರ್. ಮೊದಲ ದಿನವೇ ಮನೆಯ ಹತ್ತಿರದ ಉಬ್ಬಿನ ಮೇಲೆ ಹೊಟ್ಟೆ ಉಜ್ಜಿ ಎದ್ದ ಸದ್ದು ಚಕ್ರಪಾಣಿಯವರ ಹಲ್ಲಿನ ಬೇರಿನವರೆಗೆ ಹೋಯಿತು. ಅವರು ಅಂಜಲಿಲ್ಲ, ಅಳೆಯಲು ಹೊರಟರು. ಮಲ್ಲೇಶ್ವರದ ಸುತ್ತಮುತ್ತ ಒಂದೂ ಉಬ್ಬಿಲ್ಲದ ದಾರಿ ಅವರಿಗೆ ಸಿಕ್ಕಿದ್ದು ಒಂದೇ, ರುದ್ರಭೂಮಿಗೆ ಹೋಗುವುದು.

"ಸರಿಯಾಗೇ ಇದೆ. ಅಲ್ಲಿಗೆ ಯಾರು ಜೋರಾಗಿ ಹೋಗ್ತಾರೆ?" ಎಂದಳು ರಂಗನಾಯಕಿ.

ಛತ್ರ ಇದ್ದದ್ದು ಚಾಮರಾಜಪೇಟೆಯಲ್ಲಿ. ಹಾಗಾಗಿಯೇ ಆ ಭಾನುವಾರದ ಬೆಳಗಿನ ಸಾಷ್ಟಾಂಗ. ಛತ್ರದ ಬಾಗಿಲಿಗೆ ಐವತ್ತು ಹೆಜ್ಜೆ ಇರುವಾಗ ಸಿಗುವ ಆ ಕಟ್ಟಕಡೆಯ ಉಬ್ಬೇ ದಾರಿಯಲ್ಲೆಲ್ಲ ಎತ್ತರದ್ದು, ನೂರ ಹದಿನಾಲ್ಕು. ಮನೆಗೆ ಬಂದವರೇ ನೇರ ಅಡುಗೆಮನೆಗೆ ಹೋದರು.

"ರಂಗಾ, ನಿನ್ನ ತೂಕ ಎಷ್ಟು?"

ದೋಸೆ ಹುಯ್ಯುತ್ತಿದ್ದ ರಂಗನಾಯಕಿ ಸವುಟು ಹಿಡಿದೇ ತಿರುಗಿದಳು. "ಯಾಕೆ, ನನ್ನನ್ನೂ ಮಾರಿ ಏನಾದ್ರೂ ತರ್ತೀರಾ?"

"ಲೆಕ್ಕಕ್ಕೆ ಬೇಕು. ಹದಿನೆಂಟು ಕೆಜಿ ಕೂತ್ರೆ ಕಾರು ಒಂದು ಮಿಲಿಮೀಟರ್ ಕುಗ್ಗುತ್ತೆ. ಅಕ್ಕಿ ಮೂಟೆ ಇಟ್ಟು ನೋಡಿದೀನಿ."

"ಅದಕ್ಕೇನಾ ನಿನ್ನೆ ಅಕ್ಕಿ ಮೂಟೆ ಸೀಟ್ ಬೆಲ್ಟ್ ಹಾಕ್ಕೊಂಡು ಕೂತಿದ್ದಿದ್ದು? ಐವತ್ತೆಂಟು, ಬರ್ಕೊಳ್ಳಿ."

ಚಕ್ರಪಾಣಿಯವರು ಸರಬರಾಜುದಾರನ ಪ್ರಮಾಣಪತ್ರ ನೋಡುವಂತೆ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದರು. "ಅರವತ್ತೆರಡು ಅಂತ ಇಟ್ಕೊಳ್ತೀನಿ."

"ನಾನು ಹೇಳಿದ್ದು ಐವತ್ತೆಂಟು!"

"ಹೇಳಿಕೆ ಬೇರೆ, ದತ್ತಾಂಶ ಬೇರೆ. ಸ್ವಲ್ಪ ತಿದ್ದುಪಡಿ ಇರ್ಬೇಕು."

"ಹಾಗಾದ್ರೆ ನಿಮ್ದು ಎಷ್ಟು?"

ಚಕ್ರಪಾಣಿಯವರು ಯೋಚಿಸಲೇ ಇಲ್ಲ. ಮದುವೆಯಾದ ವರ್ಷ ವಿಮೆಯ ಡಾಕ್ಟರು ನೋಡಿ ಹೇಳಿದ ಅಂಕಿಯೊಂದಿತ್ತು. ಅಂದಿನಿಂದ ಯಾರು ಕೇಳಿದರೂ ಅದನ್ನೇ ಹೇಳುತ್ತ ಬಂದಿದ್ದರು. ಅವರ ಮಟ್ಟಿಗೆ ಅದು ನೀರು ಕುದಿಯುವ ಉಷ್ಣತೆಯಷ್ಟೇ ಶಾಶ್ವತ. ಅದನ್ನೇ ಗಟ್ಟಿಯಾಗಿ ಹೇಳಿದರು. ರಂಗನಾಯಕಿ ಅವರ ಬೆಲ್ಟನ್ನು ನೋಡಿದಳು. ಅದರ ಕೊನೆಯ ತೂತನ್ನು ಕಂಪನಿ ಮಾಡಿದ್ದಲ್ಲ, ಮೊಳೆ ಕಾಯಿಸಿ ಇವರೇ ಮಾಡಿಕೊಂಡದ್ದು. ದೋಸೆ ಮಗುಚಿದಳು.

ಲೆಕ್ಕ ಹೀಗೆ ಹೇಳಿತು: ಇಬ್ಬರೂ ಕೂತರೆ ಕೆಲವು ಉಬ್ಬುಗಳ ಮೇಲೆ ಕಾರು ಕೂರುತ್ತದೆ. ಚಕ್ರಪಾಣಿಯವರೊಬ್ಬರೇ ಇದ್ದರೆ ಎಲ್ಲವನ್ನೂ ದಾಟುತ್ತದೆ. ಕೊನೆಯ ಉಬ್ಬಿನಲ್ಲಿ ಉಳಿಯುವ ಜಾಗ ಲಗ್ನಪತ್ರಿಕೆಯ ದಪ್ಪದಷ್ಟು. ಆದರೂ ದಾಟುತ್ತದೆ.

"ಅಂದ್ರೆ ದಾರೀಲಿ ನಾಲ್ಕು ಕಡೆ ನೀನು ಇಳೀಬೇಕಾಗುತ್ತೆ," ಎಂದರು, ಆದಷ್ಟು ಮೆತ್ತಗೆ.

"ರೇಷ್ಮೆ ಸೀರೆ ಉಟ್ಕೊಂಡು?"

"ಹಣ್ಣಿನ ಬುಟ್ಟೀನೂ ಇಳಿಸ್ಬೇಕು."

"ಮೆಟ್ರೋಲಿ ಹೋಗೋಣ ರೀ. ಕೃಷ್ಣರಾಜ ಮಾರ್ಕೆಟ್ ಹತ್ರ ಇಳಿದ್ರೆ ಆಟೋ ಸಿಗುತ್ತೆ."

"ಸೋದರಮಾವ ಮೆಟ್ರೋಲಿ ಹೋಗೋದಾ? ಅಕ್ಷಯಾ ಕಾರಿನ ಮುಂದೆ ಫೋಟೋ ಬೇಕು ಅಂದಿದಾಳೆ. ನೋಡು ರಂಗಾ, ಈ ಒಂದು ಸಲ ನಾನು ಹೊತ್ತಿಗೆ ಮುಂಚೆ ಇರ್ಬೇಕು. ಶ್ರೀಹರಿಗಿಂತ ಮುಂಚೆ."

ಕೊನೆಯ ಮಾತನ್ನು ಅವರು ಹೇಳಿದ ರೀತಿಗೆ ರಂಗನಾಯಕಿ ಮೆಟ್ರೋದ ಮಾತು ಬಿಟ್ಟಳು.

ಮದುವೆಯ ಬೆಳಗ್ಗೆ ಚಕ್ರಪಾಣಿಯವರು ಗ್ಯಾಸಿನ ಗುಬುಟನ್ನು ಒಂದೇ ಸಲ ನೋಡಿ ಹೊರಟರು. ಇದು ತ್ಯಾಗ. ಮೊದಲ ಉಬ್ಬಿನಲ್ಲಿ ರಂಗನಾಯಕಿ ಇಳಿದಳು, ಬುಟ್ಟಿ ಇಳಿಯಿತು, ಕಾರು ದಾಟಿತು, ಅವಳು ನಡೆದು ಬಂದು ಮತ್ತೆ ಬಾವಿಗೆ ಇಳಿದಳು. ಎರಡನೆಯದರಲ್ಲೂ ಹಾಗೆಯೇ. ಮೆಜೆಸ್ಟಿಕ್ಕಿನ ಹತ್ತಿರ ಮೂರನೆಯ ಸಲ ಇಳಿದಾಗ ಹಿಂದಿನ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ, "ಅಮ್ಮಾ, ಯಜಮಾನ್ರ ಜೊತೆ ಜಗಳಾನಾ? ಬನ್ನಿ, ಚಾಮರಾಜಪೇಟೆಗೇ ಹೋಗ್ತಿದೀವಿ, ಸೀಟಿದೆ!" ಎಂದು ಕೂಗಿದ.

"ಹೋಗ್ಲಾ?" ಎಂದಳು ರಂಗನಾಯಕಿ, ಕಿಟಕಿಯಲ್ಲಿ ಬಗ್ಗಿ.

"ಕೂತ್ಕೋ ಬಾ. ಇನ್ನೊಂದೇ."

ಮುಹೂರ್ತಕ್ಕೆ ಇನ್ನೂ ಅರ್ಧ ಗಂಟೆ ಇರುವಾಗಲೇ ಆ ಕೊನೆಯ ಉಬ್ಬು ಎದುರಾಯಿತು. ಅಂಥ ದಿನವನ್ನು ಚಕ್ರಪಾಣಿಯವರು ತಮ್ಮ ಜೀವನದಲ್ಲಿ ಕಂಡಿರಲಿಲ್ಲ. ಛತ್ರದ ಬಾಳೆಕಂಬ ಕಾಣುತ್ತಿತ್ತು, ನಾದಸ್ವರ ಕೇಳುತ್ತಿತ್ತು. ಉಬ್ಬಿನ ಎಡಕ್ಕೆ ಮಂಟಪಕ್ಕೆ ಹೂವು ತಂದ ಟೆಂಪೊ, ಬಲಕ್ಕೆ ಚಕ್ರಕ್ಕೆ ಸರಪಳಿ ಬಿಗಿದ ಖಾಲಿ ಆಟೋ. ನಡುವೆ ಕಾರು ಹೋಗುವಷ್ಟೇ ಜಾಗ. ರಂಗನಾಯಕಿ ಬುಟ್ಟಿ ಸಮೇತ ಇಳಿದು, "ನಾನು ನಡ್ಕೊಂಡೇ ಹೋಗ್ತೀನಿ, ನೀವು ಬನ್ನಿ" ಎಂದು ಮುಂದೆ ಹೋಗಿ ನಿಂತಳು.

ಕಾರು ಏರಿತು. ಮುಂದಿನ ಚಕ್ರ ದಾಟಿತು. ಆಮೇಲೆ ಹೊಟ್ಟೆಯ ಕೆಳಗಿನಿಂದ, ತೃಪ್ತಿಯಾಗಿ ಉಂಡು ಮಲಗುವವರ ನಿಟ್ಟುಸಿರಿನಂಥ ಒಂದು ಸದ್ದು ಬಂತು. ಕಾರು ಉಬ್ಬಿನ ನೆತ್ತಿಯ ಮೇಲೆ ಕೂತುಬಿಟ್ಟಿತು. ಹಿಂದಿನ ಚಕ್ರಗಳು ಹೊಗೆ ಎಬ್ಬಿಸಿದವು, ಆರ್ಭಟಿಸಿದವು. ಕಾರು ಕದಲಲಿಲ್ಲ.

"ಏನಾಯ್ತು ರೀ?"

"ಆಗೋ ಹಾಗಿಲ್ಲ. ನೀನು ಇಳಿದಿದೀಯಲ್ಲ?"

"ಇಲ್ಲೇ ನಿಂತಿದೀನಲ್ಲ, ಕಾಣಲ್ವಾ?"

"ಬುಟ್ಟಿ?"

"ಕೈಯಲ್ಲಿದೆ!"

ಚಕ್ರಪಾಣಿಯವರು ಇಳಿದು ನೋಡಲು ಬಾಗಿಲು ತೆರೆದರು. ಅದು ಆಟೋಗೆ ತಾಗಿ ಒಂದು ಗೇಣಿಗೆ ನಿಂತಿತು. ಆ ಕಡೆಯ ಬಾಗಿಲು ಟೆಂಪೊಗೆ ತಾಗಿತು. ಒಂದು ಗೇಣಿನಲ್ಲಿ ಅವರ ಭುಜ ಹೊರಗೆ ಬಂತು, ಹೊಟ್ಟೆ ಬರಲಿಲ್ಲ. ಕಿಟಕಿಯಲ್ಲಿ ಪ್ರಯತ್ನಿಸಿದರು. ತಲೆ ಬಂತು, ಒಂದು ಕೈ ಬಂತು, ಜರಿಪಂಚೆ ಗೇರಿಗೆ ಸಿಕ್ಕಿಕೊಂಡಿತು. ಮಾನ ಮುಖ್ಯವೋ ಮುಹೂರ್ತ ಮುಖ್ಯವೋ ಎಂದು ಒಂದು ಕ್ಷಣ ತೂಗಿ, ಮತ್ತೆ ಒಳಗೆ ಕೂತರು.

ರಂಗನಾಯಕಿ ಟೆಂಪೊದವನನ್ನೂ ಆಟೋದವನನ್ನೂ ಹುಡುಕಿಕೊಂಡು ಛತ್ರದ ಹಿಂದಿನ ಅಡುಗೆಮನೆಯ ಕಡೆ ಓಡಿದಳು. (ಆಟೋದವನು ಕೊನೆಗೂ ಸಿಗಲಿಲ್ಲ. ಟೆಂಪೊದವನು ಮಾರ್ಕೆಟ್ಟಿಗೆ ಇನ್ನೆರಡು ಮಾರು ಮಲ್ಲಿಗೆ ತರಲು ಹೋಗಿದ್ದ.) ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರ್ನ್ ಬಾರಿಸತೊಡಗಿದವು. ನಾಲ್ವರು ಬಂದು ತಳ್ಳಿ ನೋಡಿ, "ಒಳ್ಳೇ ಬಂಡೆ ಕೂತಂಗೆ ಕೂತಿದೆ ಗುರು" ಎಂದು ಕೈ ಒರೆಸಿಕೊಂಡು ಹೋದರು.

ಅಷ್ಟರಲ್ಲಿ ಛತ್ರದ ಮೈಕು ಕೆಮ್ಮಿತು. "ವಧುವಿನ ಸೋದರಮಾವ ಎಲ್ಲಿದ್ದರೂ ಮಂಟಪಕ್ಕೆ ಬರಬೇಕು."

ಚಕ್ರಪಾಣಿಯವರು ಹಾರ್ನ್ ಒತ್ತಿದರು. ಉತ್ತರ ಕೊಡಲು ಅವರಲ್ಲಿದ್ದದ್ದು ಅದೊಂದೇ.

"ಸೋದರಮಾವ ಚಕ್ರಪಾಣಿಯವರು, ಮುಹೂರ್ತ ಮೀರ್ತಾ ಇದೆ, ದಯವಿಟ್ಟು ಬರಬೇಕು."

ಅವರು ಉದ್ದಕ್ಕೆ ಹಾರ್ನ್ ಒತ್ತಿ ಹಿಡಿದರು. ಅದು ಮುನ್ನೂರು ಅಶ್ವಶಕ್ತಿಯ ಕೂಗು. ಆದರೆ ಹಿಂದಿನ ನಲವತ್ತು ಗಾಡಿಗಳ ಕೂಗಿನಲ್ಲಿ ಸೇರಿಹೋಯಿತು.

ಮೈಕು ಮತ್ತೆ ಕೆಮ್ಮಿತು. ಆಮೇಲೆ ಯಾರೋ ಪಿಸುಗುಟ್ಟಿದ್ದು ಅದರಲ್ಲೇ ಕೇಳಿತು: "ಶ್ರೀಹರಿ ಇದಾನಲ್ಲ, ಅವನೂ ಮಾವನೇ ಆಗ್ಬೇಕು. ಏಯ್ ಶ್ರೀಹರಿ, ಬಾರಪ್ಪ, ನಿಂಗೆ ಅಭ್ಯಾಸ ಇದೆ."

ಗಟ್ಟಿಮೇಳ ಎದ್ದಿತು. ಚಕ್ರಪಾಣಿಯವರು ಎಂಜಿನ್ ನಿಲ್ಲಿಸಿದರು. ಜೇಬಿನಲ್ಲಿ ಮನೆಯಿಂದಲೇ ತಂದಿದ್ದ ಅಕ್ಷತೆಯ ಪೊಟ್ಟಣ ಇತ್ತು. ಅದನ್ನು ಬಿಚ್ಚಿ, ಐವತ್ತು ಹೆಜ್ಜೆ ದೂರದ ಬಾಳೆಕಂಬದ ಕಡೆ ನೋಡುತ್ತ, ನಾಲ್ಕು ಕಾಳನ್ನು ಮುಂದಿನ ಗಾಜಿಗೆ ಎರಚಿದರು. ಗಾಜು ಶುಭ್ರವಾಗಿತ್ತು. ಅಕ್ಕಿ ಜಾರಿ ಅವರ ಮಡಿಲಿಗೇ ಬಿತ್ತು.

ಊಟದ ಎಲೆ ಹಾಕುವ ಹೊತ್ತಿಗೆ ಅಕ್ಷಯಾ ಹೊಸ ಗಂಡನನ್ನು ಕರೆದುಕೊಂಡು, ಮಾಲೆ ಹಾಕಿಕೊಂಡೇ ರಸ್ತೆಗೆ ಬಂದಳು. ಕಾಲಿಗೆ ಬೀಳೋಣವೆಂದರೆ ಮಾವನ ಕಾಲು ಬಾವಿಯೊಳಗಿತ್ತು. ಇಬ್ಬರೂ ಕಾರಿನ ಮೂತಿಗೆ ನಮಸ್ಕಾರ ಮಾಡಿದರು. ಫೋಟೋದವನು ಅದನ್ನು ತೆಗೆದ. ಅವಳು ಗಾಡಿಗಳ ಸಂದಿಯಲ್ಲಿ ಸೀರೆ ಹಿಡಿದು ತೂರಿಕೊಂಡು ಬಂದು ಕಿಟಕಿಯ ಹತ್ತಿರ ತಲೆ ಬಗ್ಗಿಸಿದಳು. ಚಕ್ರಪಾಣಿಯವರು ಮಡಿಲಲ್ಲಿದ್ದ ಅಕ್ಷತೆಯನ್ನು ಒಂದೊಂದೇ ಆರಿಸಿ ಅವಳ ತಲೆಯ ಮೇಲಿಟ್ಟರು.

"ಹೊತ್ತಿಗೆ ಮುಂಚೆನೇ ಬಂದಿದ್ದೆ ಪುಟ್ಟಾ," ಎಂದರು.

"ಗೊತ್ತು ಮಾಮ. ರಂಗತ್ತೆ ಹೇಳಿದ್ರು."

ಟೆಂಪೊದವನು ಮಲ್ಲಿಗೆಯೊಂದಿಗೆ ಬಂದು ಗಾಡಿ ತೆಗೆದ. ಆ ಕಡೆಯ ಬಾಗಿಲು ಪೂರ್ತಿ ತೆರೆಯಿತು. ಚಕ್ರಪಾಣಿಯವರು ಹೆಂಡತಿಯ ಸೀಟಿನ ಮೇಲೆ ತೆವಳಿ, ಇಬ್ಬರ ಕೈ ಹಿಡಿದು ರಸ್ತೆಗೆ ಕಾಲಿಟ್ಟರು. ಅವರ ಎರಡನೆಯ ಕಾಲು ನೆಲ ಮುಟ್ಟಿದ ಕ್ಷಣವೇ ಕಾರು 'ಟಕ್' ಎಂದು ಸದ್ದು ಮಾಡಿ, ನಿಧಾನವಾಗಿ, ಎಲ್ಲರೂ ನೋಡುತ್ತಿರುವಂತೆಯೇ, ತಾನಾಗಿ ಮೇಲೆದ್ದಿತು. ಉಬ್ಬಿಗೂ ಹೊಟ್ಟೆಗೂ ನಡುವೆ ಸೊಗಸಾದ ನಾಲ್ಕು ಮಿಲಿಮೀಟರ್ ಬೆಳಕು ಕಂಡಿತು. ಶ್ರೀಹರಿ ಒಂದು ಬೆರಳಲ್ಲಿ ತಳ್ಳಿದ. ಕಾರು ಉರುಳಿ ಉಬ್ಬು ದಾಟಿ ಛತ್ರದ ಮುಂದೆ ಹೋಗಿ ನಿಂತಿತು.

ಕಾರನ್ನು ನೋಡುತ್ತಿದ್ದ ಕಣ್ಣುಗಳೆಲ್ಲ ಮೆಲ್ಲಗೆ ಚಕ್ರಪಾಣಿಯವರ ಜರಿಪಂಚೆಯ ಗಂಟಿನ ಕಡೆ ತಿರುಗಿದವು. ಶಿವರಂಜಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುವಿಗೋ ನಗುವಿಗೋ ತಿಳಿಯಲಿಲ್ಲ.

ರಂಗನಾಯಕಿ ಹತ್ತಿರ ಬಂದು, ಗಂಡನ ಹೆಗಲಿನ ಧೂಳು ಕೊಡವಿ, ಬೇರೆ ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದಳು:

"ಅವತ್ತು ದೋಸೆ ಹುಯ್ಯುವಾಗ ನಿಮ್ಮ ತೂಕ ಎಷ್ಟು ಅಂದ್ರಿ?"

ಚಕ್ರಪಾಣಿಯವರು ಉಬ್ಬನ್ನೇ ನೋಡುತ್ತ ಹೇಳಿದರು:

"ಅರವತ್ತೆಂಟು."