ಕೀಲಿ ಕೊಡುವ ಅತ್ಯಾ

ನೀವು ಯಾರು, ಯಾರ ಮಕ್ಕಳು, ಎಲ್ಲಿಂದ ಬಂದಿರಿ ಎಂಬುದೊಂದೂ ನಮ್ಮ ಅತ್ಯಾಗೆ ಮುಖ್ಯವಲ್ಲ. ಕೈಗೆ ಏನು ಕಟ್ಟಿಕೊಂಡು ಬಂದಿರಿ ಎಂಬುದೇ ಮುಖ್ಯ! ಹೊಸಬರು ಮನೆಗೆ ಬಂದರೆ ನಾವೆಲ್ಲ ಅವರ ಮುಖ ನೋಡಿ ನಗುತ್ತೇವೆ. ಅತ್ಯಾ ಮಣಿಕಟ್ಟು ನೋಡಿ ನಗುತ್ತಾರೆ. ಇಲ್ಲವೆ ನಗುವುದೇ ಇಲ್ಲ. ಒಮ್ಮೆ ನನ್ನ ಮುಂಬೈ ಆಫೀಸಿನ ಮ್ಯಾನೇಜರರು ಬಂದಿದ್ದರು. ಕನ್ನಡದವರೇ. ಅವರ ದುಬಾರಿ ಸ್ಮಾರ್ಟ್‌ವಾಚನ್ನು ನೋಡಿದ ಅತ್ಯಾ, ಆಸ್ಪತ್ರೆಯಲ್ಲಿ ರೋಗಿಯನ್ನು ವಿಚಾರಿಸುವ ದನಿಯಲ್ಲಿ, "ಪಾಪ, ಇದಕ್ಕ ದಿನಾ ಚಾರ್ಜ್ ಹಾಕಬೇಕೇನ್ರಿ?" ಎಂದು ಕೇಳಿದರು. ಅದು ಹೃದಯದ ಬಡಿತವನ್ನೂ ತೋರಿಸುತ್ತದೆ ಎಂದು ಮ್ಯಾನೇಜರರು ಹೆಮ್ಮೆಯಿಂದ ಹೇಳಿಕೊಂಡರು. "ನಿಮ್ಮ ಹೃದಯ ಇರ್ಲಿ. ಅದರದ್ದ ಹೃದಯ ಎಲ್ಲದ, ತೋರಸ್ರಿ ನೋಡೋಣು" ಎಂದರು ಅತ್ಯಾ. ನನ್ನ ಆ ವರ್ಷದ ಬಡ್ತಿ ಅಲ್ಲಿಗೇ ನಿಂತಿತು!

ಅತ್ಯಾ ಎಂದರೆ ನನ್ನ ತಂದೆಯ ಅಕ್ಕ. ಮದುವೆಯಾಗಿ ಧಾರವಾಡ ಬಿಟ್ಟು ಮುಂಬೈಗೆ ಬಂದವರು, ಅಲ್ಲಿನ ಫೋರ್ಟ್ ಬಡಾವಣೆಯ ಬ್ಯಾಂಕೊಂದರಲ್ಲಿ ದುಡಿದು ನಿವೃತ್ತರಾದರು. ಮಧ್ಯಾಹ್ನದ ಬಿಡುವಿನಲ್ಲಿ ಸಹೋದ್ಯೋಗಿಗಳು ಸೀರೆ ಅಂಗಡಿಗೆ ಹೋದರೆ ಇವರು ಪಕ್ಕದ ಗಲ್ಲಿಯ ಗಡಿಯಾರ ರಿಪೇರಿಯವರ ಮುಂದೆ ನಿಲ್ಲುತ್ತಿದ್ದರಂತೆ. ಮೊದಲು ನೋಡಿದರು, ಆಮೇಲೆ ಕೇಳಿದರು, ಕೊನೆಗೆ ಊಟದ ಡಬ್ಬಿ ಬಿಚ್ಚದೆ ಗಡಿಯಾರವನ್ನೇ ಬಿಚ್ಚಲು ಕುಳಿತರು. ನನಗೆ ಮುಂಬೈಯಲ್ಲಿ ಕೆಲಸ ಸಿಕ್ಕಿ ವಿಕ್ರೋಳಿಯ ಅವರ ಮನೆಗೆ ಬಂದಿಳಿದಾಗ ಗೋಡೆಯ ಬಣ್ಣ ಯಾವುದೆಂದು ತಿಳಿಯಲು ಬಾತ್‌ರೂಮಿಗೆ ಹೋಗಬೇಕಿತ್ತು. ಮಿಕ್ಕೆಲ್ಲ ಕಡೆ ಗಡಿಯಾರಗಳು! ಲೋಲಕದವು, ಸರಪಳಿಯವು, ಗಾಜಿನ ಗುಮ್ಮಟದೊಳಗೆ ಗಿರಗಿರ ತಿರುಗುವಂಥವು. ತಾಸು ತುಂಬುತ್ತಲೇ ಎಲ್ಲವೂ ಒಟ್ಟಿಗೆ ಬಾರಿಸುತ್ತಿದ್ದವು. ಆ ಹೊತ್ತಿಗೆ ಫೋನು ಮಾಡಿದ ಅಮ್ಮ, "ಛಲೋ ಆತು ಬಿಡು, ಗುಡಿಗೆ ಹೋಗೂದು ಬಿಟ್ಟಿಲ್ಲಲ್ಲ" ಎಂದು ಸಂತೋಷಪಟ್ಟಳು. ನಾನೂ ತಿದ್ದಲು ಹೋಗಲಿಲ್ಲ.

ಅತ್ಯಾಗೆ ಗಡಿಯಾರದ ಮುಂಭಾಗದ ಮೇಲೆ ಅಂಥ ಮೋಹವೇನಿಲ್ಲ. ಹಿಂದಿನ ಮುಚ್ಚಳ ತೆಗೆದರೆ ಮಾತ್ರ ಕಣ್ಣು ಅರಳುತ್ತದೆ. ಒಂದು ಹಳೆಯ ಜೇಬುಗಡಿಯಾರವನ್ನು ಬಿಚ್ಚಿ ನನಗೆ ತೋರಿಸಿದ್ದರು. ಒಳಗಿನ ಹಿತ್ತಾಳೆಯ ತಗಡಿನ ಮೇಲೆ ಕೂದಲೆಳೆಯಷ್ಟು ಸಣ್ಣ ಹೂಬಳ್ಳಿ ಕೆತ್ತಿತ್ತು.

"ಮುಚ್ಚಳ ಹಾಕಿದ ಮ್ಯಾಲೆ ಇದು ಯಾರಿಗೂ ಕಾಣೂದಿಲ್ಲ. ಮತ್ತ ಯಾರ ಸಲುವಾಗಿ ಕೆತ್ತಿದ್ದು ಹೇಳು?" ಎಂದರು.

"ಯಾರ ಸಲುವಾಗಿ?"

"ಮುಂದ ಯಾರೋ ಒಬ್ಬರು ಬಿಚ್ಚತಾರಲ್ಲ, ಅವರ ಸಲುವಾಗಿ. ಅಂದ್ರ ನನ್ನ ಸಲುವಾಗಿ!"

ಎಲ್ಲಿಯವನೋ ಕುಶಲಕರ್ಮಿ, ಎಂದೋ ಕಣ್ಮುಚ್ಚಿದವನು, ವಿಕ್ರೋಳಿಯ ಎರಡನೇ ಮಾಳಿಗೆಯ ಹೆಂಗಸಿಗಾಗಿ ಬಳ್ಳಿ ಕೆತ್ತಿದನಂತೆ!

ಇಂಥವರ ಕಣ್ಣಿಗೆ ತಪ್ಪು ಹೊತ್ತು ತೋರಿಸುವ ಗಡಿಯಾರ ಬಿದ್ದರೆ ಗತಿಯೇನು? ಫೋರ್ಟಿನಲ್ಲಿ ಅವರು ಕಾಫಿ ಕುಡಿಯುವ ಉಡುಪಿ ಹೋಟೆಲಿನ ಗೋಡೆಯಲ್ಲಿ ಹಳೆಯ ಕಾಲದ ಭಾರಿ ಗಡಿಯಾರವೊಂದಿತ್ತು. ಯಾವಾಗಲೂ ಕಾಲು ತಾಸು ಮುಂದೆ. ಒಂದು ದಿನ ಯಜಮಾನರು ಗಲ್ಲಾದಲ್ಲಿ ಇರಲಿಲ್ಲ. ಅತ್ಯಾ ನನ್ನ ಕೈಗೆ ಪರ್ಸು ಕೊಟ್ಟು, ಬೆಂಚು ಹತ್ತಿ, ಗಾಜಿನ ಬಾಗಿಲು ತೆರೆದು, ಮುಳ್ಳು ಸರಿಪಡಿಸಿ, ಸೆರಗಿನಿಂದ ಗಾಜನ್ನೂ ಒರೆಸಿ ಇಳಿದರು. ಮುಂದಿನ ವಾರ ನಾವು ಒಳಗೆ ಕಾಲಿಡುತ್ತಿದ್ದಂತೆ ಯಜಮಾನರು ಗಲ್ಲಾ ಬಿಟ್ಟು ಓಡಿಬಂದರು.

"ಅಕ್ಕಾ, ನಿಮಗೆ ಕೈ ಮುಗಿತೇನೆ. ಗಡಿಯಾರ ಮುಂದೆ ಇಟ್ಟದ್ದು ನಾನೇ! ಅದನ್ನು ನೋಡಿಯೇ ಆಫೀಸಿನವರು ಗಡಿಬಿಡಿಯಲ್ಲಿ ಏಳುದು. ಈಗ ಒಬ್ಬರೂ ಏಳುದಿಲ್ಲ ಮಾರಾಯ್ರೆ! ಒಂದು ಕಾಫಿ ಹಿಡ್ಕೊಂಡು ಕೂತದ್ದೇ ಕೂತದ್ದು. ಹೊರಗೆ ಲೈನು ರಸ್ತೆವರೆಗೆ ಉಂಟು."

"ಅಂದ್ರ ಗಡಿಯಾರದ ಕಡಿಂದ ಸುಳ್ಳು ಹೇಳಸ್ತೀರಿ?" ಅತ್ಯಾರ ಮುಖ ಕೆಂಪಾಯಿತು.

"ಸುಳ್ಳು ಅಂತಲ್ಲ ಅಕ್ಕಾ... ಸ್ವಲ್ಪ ಅಡ್ವಾನ್ಸು."

ದೊಡ್ಡ ಚರ್ಚೆಯೇ ನಡೆಯಿತು. ಕೊನೆಗೆ ಒಪ್ಪಂದವಾದದ್ದು ಹೀಗೆ: ಹಳೆಯ ಗಡಿಯಾರ ಒಳಗಿನ ಕೋಣೆಗೆ ಹೋಗಿ ಸರಿಯಾದ ಹೊತ್ತು ತೋರಿಸಬೇಕು, ಹೊರಗೆ ಬ್ಯಾಟರಿಯದನ್ನು ಎಷ್ಟು ಬೇಕಾದರೂ ಮುಂದೆ ಇಟ್ಟುಕೊಳ್ಳಬಹುದು. "ಪ್ಲಾಸ್ಟಿಕ್ಕಿಂದು ಸುಳ್ಳು ಹೇಳ್ಲಿ ಬಿಡ್ರಿ. ಅದಕ್ಕೇನು ಮರ್ಯಾದಿ ಅದ?" ಎಂದರು ಅತ್ಯಾ.

ಹಳೆಯ ಸಾಮಾನಿನ ಚೋರ್ ಬಜಾರಿನಿಂದ ಕೋಗಿಲೆ ಗಡಿಯಾರ ತಂದ ಕಥೆಯನ್ನಂತೂ ಹೇಳಲೇಬೇಕು. ಮರದ ಪುಟ್ಟ ಮನೆ, ಅದಕ್ಕೊಂದು ಕಿಟಕಿ, ತಾಸಿಗೊಮ್ಮೆ ಕಿಟಕಿ ತೆರೆದು ಹಕ್ಕಿ ಕೂಗಬೇಕು. ಅದನ್ನು ಮಗುವಿನಂತೆ ಎತ್ತಿಕೊಂಡು ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತಿದೆವು. ದಾದರಿನಲ್ಲಿ ನಿಜವಾದ ಮಗುವೊಂದು ಹತ್ತಿತು, ಹತ್ತಿದ ಕ್ಷಣದಿಂದ ಕಿರಿಚಿಕೊಳ್ಳಲು ಶುರುಮಾಡಿತು. ಬಿಸ್ಕಿಟು, ಬಳೆ, ಮೊಬೈಲು, ಯಾವುದಕ್ಕೂ ಬಗ್ಗಲಿಲ್ಲ. ಕುರ್ಲಾ ಬರುವಷ್ಟರಲ್ಲಿ ಅದರ ತಾಯಿಯೂ ಅಳುವ ಸ್ಥಿತಿಗೆ ಬಂದಿದ್ದಳು. ಆಗ ಅತ್ಯಾ ಎದ್ದರು. ನೋಡನೋಡುತ್ತಿದ್ದಂತೆ ಗಡಿಯಾರವನ್ನು ನಿಂತವರು ಹಿಡಿದುಕೊಳ್ಳುವ ಹಿಡಿಕೆಗೆ ನೇತುಹಾಕಿ, ಸರಪಳಿಗೆ ಭಾರದ ಗುಂಡು ಸಿಕ್ಕಿಸಿ, ಒಳಗಿನ ಪುಟ್ಟ ಸನ್ನೆಕೋಲೊಂದನ್ನು ಬೆರಳಿನಿಂದ ಮೀಟಿದರು.

ಕಿಟಕಿ ತೆರೆಯಿತು. "ಕುಹೂ!"

ಮಗು ಬಾಯಿ ತೆರೆದಂತೆಯೇ ಮೌನವಾಯಿತು. ಇಡೀ ಡಬ್ಬಿಯೇ ಇತ್ತ ತಿರುಗಿತು. ಹಕ್ಕಿ ಒಳಗೆ ಹೋದದ್ದೇ ಮಗುವಿನ ತುಟಿ ಮತ್ತೆ ಸೊಟ್ಟಗಾಯಿತು. ಮತ್ತೆ ಕುಹೂ! ಈಗ ಮೀನಿನ ಬುಟ್ಟಿಯ ಹೆಂಗಸೂ ಕಾಲೇಜಿನ ಹುಡುಗಿಯರೂ ಸುತ್ತ ಸೇರಿ "ಆಣಖೀ ಏಕದಾ, ಮಾವಶೀ!" ಎಂದು ಮರಾಠಿಯಲ್ಲಿ ಇನ್ನೊಮ್ಮೆ ಇನ್ನೊಮ್ಮೆ ಎನ್ನತೊಡಗಿದರು. ಅತ್ಯಾ ಮೀಟಿದ್ದೇ ಮೀಟಿದ್ದು. ಘಾಟ್ಕೋಪರ್ ಹೋಯಿತು. ವಿಕ್ರೋಳಿಯೂ ಹೋಯಿತು! ಕಾಂಜೂರ್‌ಮಾರ್ಗದಲ್ಲಿ ಇಳಿದು ಹಿಂದಕ್ಕೆ ಬಂದೆವು.

ಮನೆಯಲ್ಲಿ ಇನ್ನೊಂದು ಫಜೀತಿ. ಅಂಥ ಹಳೆಯ ಗಡಿಯಾರದಲ್ಲಿ ಕೂಗಿನ ಲೆಕ್ಕವೇ ಬೇರೆ, ಮುಳ್ಳಿನ ಲೆಕ್ಕವೇ ಬೇರೆ. ಸುಮ್ಮಸುಮ್ಮನೆ ಕೂಗಿಸಿದರೆ ಎರಡಕ್ಕೂ ತಾಳ ತಪ್ಪುತ್ತದೆ. ಮುಳ್ಳು ನಾಲ್ಕು ತೋರಿಸುವಾಗ ಹಕ್ಕಿ ಹನ್ನೊಂದು ಸಲ ಕೂಗಿತು. ಅತ್ಯಾರ ಯಜಮಾನರು, ಅಂದರೆ ನಮ್ಮ ಮಾಮಾ, ಪೇಪರಿನಿಂದ ತಲೆಯೆತ್ತಿ, "ನಾ ಈಗ ಹಕ್ಕಿ ಮಾತು ಕೇಳ್ಲ್ಯೊ, ಮುಳ್ಳಿನ ಮಾತು ಕೇಳ್ಲ್ಯೊ?" ಎಂದರು.

"ಎರಡೂ ಬ್ಯಾಡ. ನನ್ನ ಮಾತು ಕೇಳ್ರಿ."

"ಅದನ್ನ ಇಷ್ಟು ವರ್ಷ ಕೇಳಿಕೋತ ಬಂದೀನಲ್ಲ!" ಎಂದು ಮಾಮಾ ಮತ್ತೆ ಪೇಪರಿನೊಳಗೆ ಹೋದರು.

ನನ್ನ ಮದುವೆ ನಿಶ್ಚಯವಾದದ್ದೂ ಒಂದು ಗಡಿಯಾರದಿಂದಲೇ ಎಂದರೆ ನಂಬುತ್ತೀರಾ? ಪವಾಯಿಯಲ್ಲಿ ಹುಡುಗನ ಮನೆ, ವಿಜಾಪುರದ ಕಡೆಯವರು. ಅಪ್ಪ ಅಮ್ಮ ಧಾರವಾಡದಿಂದ ಬಂದಿದ್ದರು. ಎಲ್ಲರೂ ಅವಲಕ್ಕಿಯ ತಟ್ಟೆ ಹಿಡಿದು ಬಿಗಿಯಾಗಿ ಕುಳಿತಿದ್ದೆವು. ಗೋಡೆಯ ಮೇಲೆ ಅವರ ಅಜ್ಜನ ಕಾಲದ ಗಡಿಯಾರ, ನಿಂತುಹೋದದ್ದು. ಅತ್ಯಾರ ದೃಷ್ಟಿ ಅಲ್ಲಿ ನೆಟ್ಟಿತು. ಅಪ್ಪ ಕಣ್ಣಿನಲ್ಲೇ "ಬ್ಯಾಡ" ಎಂದರು. ಅಪ್ಪನ ಕಣ್ಣನ್ನು ಅತ್ಯಾ ಯಾವಾಗ ನೋಡಿದ್ದಾರೆ?

"ಹಿಂಗ ಕೇಳ್ತೀನಂತ ತಪ್ಪು ತಿಳಕೋಬ್ಯಾಡ್ರಿ" ಎಂದು ಶುರುಮಾಡಿದರು. ವರದಕ್ಷಿಣೆ ಮಾತೋ ಜಾತಕದ ಮಾತೋ ಎಂದು ಬೀಗರಾಗುವವರು ಸೆಟೆದು ಕುಳಿತರು. "ನಿಮ್ಮ ಮನ್ಯಾಗ ಸ್ಟೂಲ್ ಅದ ಏನ್ರಿ?"

ಸ್ಟೂಲು ತಂದವನು ಹುಡುಗ. ಅದನ್ನು ಅಲುಗಾಡದಂತೆ ಹಿಡಿದು ನಿಂತವನೂ ಅವನೇ. ಅತ್ಯಾ ಮೇಲೆ ಹತ್ತಿ, ಗಾಜಿನ ಬಾಗಿಲು ತೆರೆದು, ಲೋಲಕವನ್ನು ತಳ್ಳಿ ಕಿವಿಗೊಟ್ಟರು. "ಟಿಕ್ಕಿಗೂ ಟಾಕ್ಕಿಗೂ ನಡುವ ಸಮ ಇಲ್ಲ. ಕುಂಟಲಿಕ್ಕತ್ತದ. ಮನಿಗೆ ಬಣ್ಣ ಹೊಡಿಸಿದ ಮ್ಯಾಲೆ ನಿಂತದ ಹೌದಲ್ಲ?" ಎಂದರು.

"ಅಯ್ಯ, ನಿಮಗ ಹೆಂಗ ಗೊತ್ತಾತ್ರಿ!" ಹುಡುಗನ ಅಜ್ಜಿ ಕುರ್ಚಿಯಲ್ಲಿ ಮುಂದೆ ಬಾಗಿದರು.

"ಪೇಂಟಿಂಗಿನವರು ತಿರುಗಿ ಹಾಕೂವಾಗ ಸೊಟ್ಟ ಹಾಕ್ಯಾರ. ಅಷ್ಟ." ಅತ್ಯಾ ಗಡಿಯಾರದ ಪೆಟ್ಟಿಗೆಯ ಕೆಳಭಾಗವನ್ನು ಬೆರಳಿನಷ್ಟು ಸರಿಸಿದರು, ಕೀಲಿ ಕೊಟ್ಟರು. ಗಡಿಯಾರ ನಡೆಯಿತು! ಅಜ್ಜಿ ಕಣ್ಣೊರೆಸಿಕೊಂಡರು. ಹುಡುಗನ ತಾಯಿ ಸಾವರಿಸಿಕೊಂಡು, "ಹುಡುಗಿ ಬಗ್ಗೆ ಒಂದೆರಡು ಮಾತು ಕೇಳೂದಿತ್ತು..." ಎನ್ನುವಷ್ಟರಲ್ಲಿ ಗಡಿಯಾರ ಠಣ್ ಠಣ್ ಎಂದು ಬಾರಿಸಿತು. "ಏನ್ ಕೇಳ್ತೀ? ಘಂಟಿ ಆತು, ಮುಗೀತು!" ಎಂದು ಅಜ್ಜಿ ತೀರ್ಪು ಕೊಟ್ಟೇಬಿಟ್ಟರು. ಸ್ಟೂಲು ಹಿಡಿದವನು ನನ್ನ ಕಡೆ ನೋಡಿ ನಕ್ಕ. ನಾನು ಅವಲಕ್ಕಿಯ ಕಡೆ ನೋಡಿದೆ.

ಮದುವೆಯಾಗಿ ಪವಾಯಿಗೆ ಹೋದರೂ ವಿಕ್ರೋಳಿ ಹತ್ತಿರವೇ. ಕಳೆದ ವರ್ಷ ಅಮ್ಮನ ಕೀಲಿ ಕೊಡುವ ಕೈಗಡಿಯಾರ ಕೆಟ್ಟಿತು. ಅತ್ಯಾರಿಗೆ ಒಯ್ದು ಕೊಟ್ಟೆ. "ಇಟ್ಟು ಹೋಗು" ಎಂದರು. ಬಿಚ್ಚಿ ನೋಡಲಿಲ್ಲ. ವಾರಗಳು ಕಳೆದವು. ಕೇಳಿದಾಗಲೆಲ್ಲ "ಆಗ್ತದ ಬಿಡು" ಎನ್ನುತ್ತಿದ್ದರು. ಗಡಿಯಾರ ಕೈಗೆ ಸಿಕ್ಕರೆ ಊಟ ಮರೆಯುವ ಹೆಂಗಸು ಹೀಗೇಕೆ?

ಒಂದು ಶನಿವಾರ ಮಧ್ಯಾಹ್ನ ಹೇಳದೆ ಕೇಳದೆ ಹೋದೆ. ಅತ್ಯಾ ಒಳಗೆ ಮಲಗಿದ್ದರು. ಊಟದ ಮೇಜಿನ ಮುಂದೆ ಮಾಮಾ, ಕಣ್ಣಿಗೆ ಅತ್ಯಾರ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಯಲ್ಲಿ ಚಿಮಟ ಹಿಡಿದು, ಒಂದು ತಟ್ಟೆಯಿಂದ ಇನ್ನೊಂದಕ್ಕೆ ಏನನ್ನೋ ಎತ್ತಿ ಎತ್ತಿ ಇಡುತ್ತಿದ್ದರು. ಬಗ್ಗಿ ನೋಡಿದೆ. ಸಾಸಿವೆ! ಒಂದು ಮೊಳೆ ಹೊಡೆಯಲು ಹೋಗಿ ಮೂರು ಬೆರಳಿಗೆ ಪಟ್ಟಿ ಕಟ್ಟಿಕೊಂಡವರು ನಮ್ಮ ಮಾಮಾ. ಇವರಿಗೂ ಹಿಡಿಯಿತೆ ಹುಚ್ಚು?

"ಮಾಮಾ, ಏನು ನಡಿಸೀರಿ?"

"ಶ್! ಸಾಬೂದಾಣಿ ಪಾಸಾಗೀನಿ. ಈಗ ಸಾಸಿವಿ. ಇದಾದ ಮ್ಯಾಲೆ ಗಸಗಸಿ. ಗಸಗಸಿ ಬಂದ್ರ ಸ್ಕ್ರೂ ಹಿಡೀಲಿಕ್ಕೆ ಬರ್ತದ" ಎಂದರು. ನಾನು ನಕ್ಕೆ. ಮಾಮಾ ನಗಲಿಲ್ಲ. ಭೂತಗನ್ನಡಿ ತೆಗೆದು ಮೆಲ್ಲಗೆ ಹೇಳಿದರು: "ಆಕಿ ಕೈ ನಡಗ್ತಾವ. ಡಾಕ್ಟರು ಅಂಜೂ ಅಂಥಾದ್ದೇನಿಲ್ಲ ಅಂದಾರ. ಆದ್ರ ಸಣ್ಣ ಕೆಲಸ ಇನ್ನ ಆಗೂದಿಲ್ಲಂತ. ಯಾರ ಮುಂದೂ ಹೇಳಿಲ್ಲ ಆಕಿ. ದಿನಾ ನಿಮ್ಮ ಅವ್ವನ ಗಡಿಯಾರ ತಗದು ಮುಂದ ಇಟ್ಟುಕೋತಾಳ, ತಿರುಗಿ ಒಳಗ ಇಡ್ತಾಳ. ನೋಡಲಿಕ್ಕೆ ಆಗೂದಿಲ್ಲ ನನಗ."

ಆಮೇಲೆ ನಾನು ಮತ್ತೆ ಹೋದದ್ದು ಗಸಗಸೆಯೂ ಮುಗಿದ ಮೇಲೆ. ಕಿಟಕಿಯ ಬಳಿ ಇಬ್ಬರೂ ಒಂದೇ ಮೇಜಿಗೆ ಬಗ್ಗಿದ್ದರು. ಅಮ್ಮನ ಗಡಿಯಾರ ಬಿಳಿ ಕಾಗದದ ಮೇಲೆ ತುಣುಕು ತುಣುಕಾಗಿ ಹರಡಿತ್ತು. ಚಿಮಟ ಮಾಮಾರ ಕೈಯಲ್ಲಿ. ಅತ್ಯಾ ತಮ್ಮ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಬಾಯಿಯಿಂದಲೇ ಗಡಿಯಾರ ಜೋಡಿಸುತ್ತಿದ್ದರು.

"ಎಡಕ್ಕ. ನಿಮ್ಮ ಎಡ ಅಲ್ಲರೀ, ಚಕ್ರದ ಎಡ! ಉಸಿರು ಬಿಡಬ್ಯಾಡ್ರಿ, ಹಾರಿ ಹೋಗ್ತದ."

"ಉಸಿರು ಬಿಡ್ಲಿಲ್ಲಂದ್ರ ನಾ ಹೋಗ್ತೀನಲ್ಲ!"

"ಸುಮ್ಮ ಹಿಡೀರಿ. ಹಾಂ... ಈಗ ಬಿಡ್ರಿ."

ಪುಟ್ಟ ಚಕ್ರ ಒಮ್ಮೆ ನಡುಗಿತು, ಆಮೇಲೆ ಅತ್ತಿತ್ತ ಆಡತೊಡಗಿತು. ಮಾಮಾ ಅದನ್ನು ಅಂಗೈಯಲ್ಲಿ ಎತ್ತಿ, ಅತ್ಯಾರ ಕೈಗೆ ಕೊಡಲು ಹೋದವರು ತಡೆದು, ತಾವೇ ಅವರ ಕಿವಿಯ ಬಳಿ ಹಿಡಿದರು. ಅತ್ಯಾ ಕಣ್ಣು ಮುಚ್ಚಿ ಕೇಳಿದರು.

"ನಿಮ್ಮ ಕೈ ಛಲೋ ಅವ ನೋಡ್ರಿ" ಎಂದರು. ದನಿ ಸಣ್ಣದಾಗಿತ್ತು. ಸೆರಗಿನಿಂದ ಒಂದು ಕೈ ಹೊರಗೆ ಬಂದು, ನಡುಗುತ್ತಲೇ, ಮಾಮಾರ ಮಣಿಕಟ್ಟನ್ನು ಹಿಡಿದುಕೊಂಡಿತು.

ಮಾಮಾ ಗಡಿಯಾರವನ್ನು ಕಿವಿಯಿಂದ ತೆಗೆಯಲಿಲ್ಲ. ಅತ್ಯಾ ತೆಗೆಯಿರಿ ಎನ್ನಲೂ ಇಲ್ಲ. ನಾನು ಚಹಾಕ್ಕೆ ನೀರಿಡಲು ಒಳಗೆ ಹೋದೆ.